ಕುಚ್ಚಲಕ್ಕಿಯ ಗಂಜಿ: ಕುಂದಾಪುರ ಸೀಮೆಯ ಆಹಾರದ ಒಂದು ಇತಿಹಾಸ

ಅನ್ನವನ್ನು ಪ್ರಸಾದವೆಂದು ಭಾವಿಸಿ, ಬೇಕಾದಷ್ಟನ್ನೇ ನೀಡಿಸಿಕೊಂಡು, ತಳಿಗೆಯಲ್ಲಿ ಒಂದು ಅಗುಳನ್ನೂ ಬಿಡದೆ ಉಣ್ಣುವ ಪದ್ಧತಿಯನ್ನು ಮಠದ ಪ್ರಸಾದನಿಲಯಗಳಲ್ಲಿ ಓದಿ ಬೆಳೆದ ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಆ ಅಗುಳು ಯಾವ ಬಗೆಯದು, ಎಲ್ಲಿಂದ ಬಂದುದು, ಅದನ್ನು ಬೆಳೆದವನು ತಾನು ಏನನ್ನು ಉಂಡನು ಎಂಬ ಪ್ರಶ್ನೆಗಳನ್ನು ನಾವು ಕೇಳುವುದು ಅಪರೂಪ. ಆರೋಗ್ಯದ ಮಾತು ಬಂದಾಗಲಂತೂ ನಮ್ಮ ದೃಷ್ಟಿ ವೈದ್ಯರ ಚೀಟಿಯತ್ತ ಹರಿಯುತ್ತದೆಯೇ ಹೊರತು ಇತಿಹಾಸದತ್ತ ಹರಿಯುವುದಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ಮೂರು ತಾಲೂಕುಗಳ ಸೀಮೆಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ವಿಚಾರಿಸಿದರೆ, ಒಂದು ಬಟ್ಟಲು ಗಂಜಿಯೊಳಗೆ ಎಷ್ಟು ಚರಿತ್ರೆ ಅಡಗಿದೆಯೆಂಬುದು ತಿಳಿದೀತು.

ಜೋಳದ ರೊಟ್ಟಿಯನ್ನೋ ರಾಗಿಯ ಮುದ್ದೆಯನ್ನೋ ಉಂಡು ಬೆಳೆದ ಘಟ್ಟದ ಮೇಲಣ ವಾಚಕರಿಗೆ ಈ ಸೀಮೆಯ ಪರಿಚಯವನ್ನು ಎರಡು ಮಾತಿನಲ್ಲಿ ಹೇಳುವುದು ಯುಕ್ತ. ಪೂರ್ವಕ್ಕೆ ಸಹ್ಯಾದ್ರಿ, ಪಶ್ಚಿಮಕ್ಕೆ ಕಡಲು, ನಡುವೆ ಹೊಳೆಗಳು ಸೀಳಿದ ಕಿರಿದಾದ ಗದ್ದೆಬಯಲು. ಮಳೆ ಅಪಾರ, ಭತ್ತವೇ ಬೆಳೆ, ಅಕ್ಕಿಯೇ ಆಹಾರ. ಈ ನಾಡು ನಮಗೆ ಪರಕೀಯವೂ ಅಲ್ಲ. ಕೆಳದಿ, ಇಕ್ಕೇರಿ, ಬಿದನೂರುಗಳಿಂದ ಆಳಿದ ವೀರಶೈವ ಅರಸುಮನೆತನವು 1763ರಲ್ಲಿ ಹೈದರಾಲಿಯ ವಶವಾಗುವವರೆಗೂ ಈ ಕರಾವಳಿಯ ಒಡೆತನವನ್ನು ಹೊಂದಿತ್ತು. ಇಂದಿನ ಬೈಂದೂರು ತಾಲೂಕಿನ ಕೊಲ್ಲೂರಿನ ದೇವಾಲಯವು ಆ ಅರಸರ ಆಶ್ರಯವನ್ನು ಪಡೆದ ಕ್ಷೇತ್ರ. ಹೊಸಂಗಡಿಯ ಘಟ್ಟದ ದಾರಿಯಲ್ಲಿ ಮೆಣಸು ಕೆಳಗಿಳಿಯುತ್ತಿತ್ತು, ಉಪ್ಪು ಮೇಲೇರುತ್ತಿತ್ತು. ಘಟ್ಟದ ಮೇಲಿನ ಮಠದ ದಾಸೋಹಕ್ಕೂ ಕೆಳಗಿನ ಉಪ್ಪಿನ ಆಗರಕ್ಕೂ ನಂಟು ಬೆಸೆದವು ಈ ಹೇರೆತ್ತುಗಳ ಸಾಲುಗಳೇ ಸರಿ.

ಆದರೆ ಈ ಸೀಮೆಯ ನಿಜವಾದ ಸಂಪತ್ತು ಅಕ್ಕಿ. ಬ್ರಹ್ಮಾವರದ ಬಳಿಯ ಬಾರಕೂರು ಆಳುಪರ ರಾಜಧಾನಿಯಾಗಿ, ಮುಂದೆ ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಕೇಂದ್ರವಾಗಿ ಮೆರೆದ ಪಟ್ಟಣ. ಕುಂದಾಪುರದ ಬಳಿಯ ಬಸರೂರು ಸೆಟ್ಟಿಗಳ ಸಂಘಗಳಿದ್ದ ದೊಡ್ಡ ರೇವು. 1516ರ ಸುಮಾರಿಗೆ ಈ ತೀರದ ವೃತ್ತಾಂತವನ್ನು ಬರೆದ ಪೋರ್ತುಗೀಜ ದುವಾರ್ತೆ ಬಾರ್ಬೋಸನು ಇಲ್ಲಿಯ ಅಕ್ಕಿಯು ಹಡಗುಗಳನ್ನೇರಿ ಮಲೆಯಾಳಕ್ಕೂ ಅರಬ್ಬರ ನಾಡಿಗೂ ಹೋಗುತ್ತಿದ್ದುದನ್ನು ಹೇಳುತ್ತಾನೆ. ದಕ್ಷಿಣಕ್ಕೆ ಮಂಗಳೂರಿನ ರೇವಿನ ಸಂದರ್ಭದಲ್ಲಿ ಅವನು ಬರೆದಿರುವ ಒಂದು ಮಾತು ನಮಗೆ ಮುಖ್ಯವಾದುದು: ಅಲ್ಲಿ ಹಡಗಿಗೆ ತುಂಬುತ್ತಿದ್ದ ಕಪ್ಪು ಬಣ್ಣದ ಅಕ್ಕಿಯು ಬಿಳಿಯದಕ್ಕಿಂತ ಮೇಲಾದುದು, ದೇಹಕ್ಕೆ ಹೆಚ್ಚು ಹಿತವಾದುದು, ಬೆಲೆಯಲ್ಲಿಯೂ ಅಗ್ಗವಾದುದು ಎಂದು. ಈ ಕಪ್ಪು ಅಕ್ಕಿಯೆಂದರೆ ಕರಾವಳಿಯ ಕೆಂಪು ಅಕ್ಕಿಯೇ ಆಗಿರಬೇಕೆಂದು ಊಹಿಸುವುದಕ್ಕೆ ಅಡ್ಡಿಯಿಲ್ಲ. ಐದು ಶತಮಾನಗಳ ಹಿಂದೆ ಒಬ್ಬ ಪರದೇಶಿ ಕಂಡುಕೊಂಡ ಈ ಸತ್ಯವನ್ನು ನಾವು ಇಂದು ಅಂಗಡಿಯ ಮುಂದೆ ನಿಂತು ಮರೆಯುತ್ತೇವೆ.

ಅಕ್ಕಿಗಾಗಿ ಯುದ್ಧಗಳೂ ನಡೆದುವು. ಗೋವೆಯ ಪೋರ್ತುಗೀಜರ ಹೊಟ್ಟೆ ತುಂಬುತ್ತಿದ್ದುದು ಬಹುಮಟ್ಟಿಗೆ ಕೆನರಾದ ಅಕ್ಕಿಯಿಂದ. ಆದುದರಿಂದಲೇ ಅವರು 1569ರಲ್ಲಿ ಬಸರೂರಿನಲ್ಲಿ ಬೇರೂರಿದರು. ಕೆಳದಿಯ ಶಿವಪ್ಪನಾಯಕನು 1650ರ ದಶಕದ ಮೊದಲ ವರ್ಷಗಳಲ್ಲಿ ಅವರ ಕೋಟೆಗಳನ್ನು ಒಂದೊಂದಾಗಿ ವಶಪಡಿಸಿಕೊಂಡನು. 1665ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಬಸರೂರನ್ನು ಸೂರೆಗೊಂಡದ್ದು ಈ ರೇವಿನ ಸಿರಿಗೆ ಇನ್ನೊಂದು ಸಾಕ್ಷಿ. ಶಿವಪ್ಪನಾಯಕನ ಭೂಕಂದಾಯದ ಶಿಸ್ತನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಆ ಕಂದಾಯದ ಹಿಂದೆ ಇದ್ದುದು ಬೈಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟಿದ ಅಕ್ಕಿಯ ಮುಡಿ. ಸ್ಥಳದಿಂದ ಸ್ಥಳಕ್ಕೆ ವ್ಯತ್ಯಾಸವಿದ್ದರೂ ಸಾಮಾನ್ಯವಾಗಿ 42 ಸೇರಿನ ಈ ಮುಡಿಯೇ ಕರಾವಳಿಯ ಅಳತೆ, ಗೇಣಿ ಮತ್ತು ಸಂಪತ್ತಿನ ಲೆಕ್ಕವಾಗಿತ್ತು. ಚೆನ್ನಾಗಿ ಕಟ್ಟಿದ ಮುಡಿಯಲ್ಲಿ ಅಕ್ಕಿ ಬಹುಕಾಲ ಹುಳು ಹಿಡಿಯದೆ ಉಳಿಯುತ್ತಿತ್ತು.

ಕೆಳದಿಯ ಅರಸರು ಆಹಾರವನ್ನು ಕೇವಲ ಕಂದಾಯದ ದೃಷ್ಟಿಯಿಂದ ನೋಡಿದವರಲ್ಲ. ಬಸವರಾಜ ಅಥವಾ ಬಸವಪ್ಪನಾಯಕನು 18ನೆಯ ಶತಮಾನದ ಆರಂಭದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶಸದೃಶ ಗ್ರಂಥದಲ್ಲಿ ಪಾಕಶಾಸ್ತ್ರಕ್ಕೂ ಸ್ಥಾನವುಂಟು. ಅಡುಗೆಮನೆ ಹೇಗಿರಬೇಕು, ಪಾತ್ರೆಗಳಾವುವು, ಅನ್ನವ್ಯಂಜನಗಳ ಗುಣವೇನು ಎಂಬುದನ್ನು ಒಬ್ಬ ಲಿಂಗವಂತ ದೊರೆಯು ರಾಜನೀತಿಯೊಡನೆ ಒಂದೇ ಗ್ರಂಥದಲ್ಲಿ ನಿರೂಪಿಸಿದನೆಂಬುದು ಸಾಮಾನ್ಯ ಸಂಗತಿಯಲ್ಲ. ಆದರೆ ಅದು ಅರಮನೆಯ ಅಡುಗೆ. ಗದ್ದೆಯ ಅಂಚಿನ ಗುಡಿಸಲಿನ ಒಲೆಯ ಮೇಲೆ ಬೆಂದುದನ್ನು ತಿಳಿಯಬೇಕಾದರೆ ನಾವು ಗ್ರಂಥವನ್ನು ಮುಚ್ಚಿ ಒರಳಿನ ಬಳಿಗೆ ಬರಬೇಕು.

ಕುಚ್ಚುವುದೆಂದರೆ ಬೇಯಿಸುವುದು. ಭತ್ತವನ್ನು ನೀರಿನಲ್ಲಿ ನೆನೆಸಿ, ದೊಡ್ಡ ಹಂಡೆಯಲ್ಲಿ ಸಿಪ್ಪೆಸಹಿತವಾಗಿಯೇ ಬೇಯಿಸಿ, ಸಗಣಿ ಸಾರಿಸಿದ ಅಂಗಳದಲ್ಲಿ ಹರಡಿ ಒಣಗಿಸಿ, ಅನಂತರ ಒನಕೆಯಿಂದ ಕುಟ್ಟಿದರೆ ಕುಚ್ಚಲಕ್ಕಿ. ಬೇಯಿಸದೆ ಹಾಗೆಯೇ ಕುಟ್ಟಿದರೆ ಬೆಳ್ತಿಗೆ ಅಕ್ಕಿ. ಬೇಯಿಸಿದ ಭತ್ತದ ಕಾಳು ಗಟ್ಟಿಯಾಗುತ್ತದೆ. ಕುಟ್ಟುವಾಗ ನುಚ್ಚಾಗುವುದು ಕಡಿಮೆ. ಬಡವನಿಗೆ ಒಂದು ಹಿಡಿ ನುಚ್ಚೂ ನಷ್ಟವೇ ಆದುದರಿಂದ ಈ ಪದ್ಧತಿ ಬೇರೂರಿತೆಂದು ತೋರುತ್ತದೆ. ಒಮ್ಮೆ ಬೆಂದುದೆಂಬ ಕಾರಣದಿಂದ ಕುಚ್ಚಲಕ್ಕಿಯು ನೈವೇದ್ಯಕ್ಕೆ ಸಲ್ಲದೆಂದು ಎಣಿಸಿ ಬೆಳ್ತಿಗೆಗೆ ಮಡಿಯ ಸ್ಥಾನವನ್ನು ಕೊಟ್ಟರು. ಹೀಗೆ ಬಿಳಿಯ ಅಕ್ಕಿ ಹಬ್ಬದ, ಹಿರಿಮೆಯ ಅನ್ನವಾಯಿತು. ಕುಚ್ಚಲಕ್ಕಿ ದುಡಿಯುವವರ ಗಂಜಿಯಾಯಿತು. ಈ ಮೇಲುಕೀಳಿನ ಎಣಿಕೆ ಎಷ್ಟು ತಲೆಕೆಳಗಾದುದೆಂಬುದನ್ನು ಲೋಕಕ್ಕೆ ತೋರಿಸಿಕೊಟ್ಟುದು ಬಹುದೂರದ ಜಾವಾ ದ್ವೀಪದ ಕೋಳಿಗಳು!

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೂರ್ವದ ದ್ವೀಪಗಳಲ್ಲಿ ‘ಬೆರಿಬೆರಿ’ ಎಂಬ ವ್ಯಾಧಿ ಸಾವಿರಾರು ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದಿತು. ಕಾಲುಗಳ ಶಕ್ತಿ ಉಡುಗುವುದು, ಮೈ ಊದಿಕೊಳ್ಳುವುದು, ಕಡೆಗೆ ಹೃದಯವೇ ನಿಲ್ಲುವುದು ಇದರ ಲಕ್ಷಣ. ಬಟೇವಿಯದಲ್ಲಿ ಇದನ್ನು ಪರಿಶೀಲಿಸುತ್ತಿದ್ದ ಡಚ್ಚರ ವೈದ್ಯ ಐಕ್ಮನ್ನನು ತನ್ನ ಪ್ರಯೋಗದ ಕೋಳಿಗಳಿಗೂ ಅಂಥದೇ ಕಾಯಿಲೆ ತಗುಲಿದುದನ್ನೂ, ಕೆಲವು ಕಾಲದ ಮೇಲೆ ಅವು ತಾವಾಗಿಯೇ ಗುಣವಾದುದನ್ನೂ ಕಂಡು ಬೆರಗಾದನು. ವಿಚಾರಿಸಲಾಗಿ, ಕಾಯಿಲೆಯ ದಿನಗಳಲ್ಲಿ ಅವು ಸೈನಿಕ ಆಸ್ಪತ್ರೆಯ ಅಡುಗೆಮನೆಯ ಬಿಳಿಯ ಅನ್ನವನ್ನು ತಿಂದಿದ್ದುವು. ಹೊಸದಾಗಿ ಬಂದ ಅಡುಗೆಯವನು ಸೈನಿಕರ ಅನ್ನವನ್ನು ಕೋಳಿಗಳಿಗೆ ಕೊಡಲೊಲ್ಲದೆ ಹೋದಾಗ ತೌಡು ತೆಗೆಯದ ಅಕ್ಕಿಯನ್ನು ತಿಂದು ಬದುಕಿಕೊಂಡುವು. ಒಬ್ಬ ಅಡುಗೆಯವನ ಬಿಗಿತನದಿಂದ ಮನುಕುಲಕ್ಕೆ ಇಷ್ಟು ಉಪಕಾರವಾದುದು ಅಪೂರ್ವ. ಐಕ್ಮನ್ನನಿಗೆ 1929ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ ಪ್ರಯೋಗ ಮಲಯದಲ್ಲಿ ನಡೆಯಿತು. ತಮಿಳುನಾಡಿನಿಂದ ಹೋಗಿ ಕುಚ್ಚಿದ ಅಕ್ಕಿಯನ್ನೇ ಉಣ್ಣುತ್ತಿದ್ದ ಕೂಲಿಗಳಿಗೆ ಬೆರಿಬೆರಿ ತಟ್ಟದೆ, ಬಿಳಿಯ ಅಕ್ಕಿಯನ್ನು ಉಣ್ಣುತ್ತಿದ್ದ ಚೀನೀ ಕೂಲಿಗಳಿಗೆ ತಟ್ಟುತ್ತಿದ್ದುದು ಅಲ್ಲಿಯ ವೈದ್ಯರ ಗಮನಕ್ಕೆ ಬಂದಿದ್ದಿತು. ಫ್ರೇಸರ್ ಮತ್ತು ಸ್ಟ್ಯಾಂಟನ್ ಎಂಬ ವೈದ್ಯರು ಸುಮಾರು 300 ಕೂಲಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬಿಳಿಯ ಅಕ್ಕಿಯನ್ನೂ ಇನ್ನೊಂದಕ್ಕೆ ಕುಚ್ಚಿದ ಅಕ್ಕಿಯನ್ನೂ ಕೊಟ್ಟರು. ಗುಂಪುಗಳ ಅಕ್ಕಿಯನ್ನು ಅದಲುಬದಲು ಮಾಡಿಯೂ ನೋಡಿದರು. ಬಿಳಿಯ ಅಕ್ಕಿಯನ್ನು ಉಂಡೆಡೆಯಲ್ಲಿ ರೋಗ, ಕುಚ್ಚಿದುದನ್ನು ಉಂಡೆಡೆಯಲ್ಲಿ ಆರೋಗ್ಯ. 1909ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ಸಂದೇಹಕ್ಕೆ ಎಡೆಯಿಲ್ಲವಾಯಿತು. ಕಾರಣವೂ ಮುಂದೆ ತಿಳಿಯಿತು. ತೌಡಿನಲ್ಲಿರುವ ‘ಬಿ1’ ಜೀವಸತ್ವವು ಭತ್ತವನ್ನು ಬೇಯಿಸುವಾಗ ನೀರಿನೊಡನೆ ಕಾಳಿನ ಒಳಕ್ಕೆ ಇಳಿಯುತ್ತದೆ. ಮೇಲಿನ ತೌಡನ್ನು ತೆಗೆದರೂ ಅದರ ಬಹುಭಾಗ ಒಳಗೇ ಉಳಿಯುತ್ತದೆ. ಬೇಯಿಸದ ಅಕ್ಕಿಗೆ ಹೊಳಪು ಕೊಟ್ಟಾಗ ಅದು ತೌಡಿನೊಡನೆ ದನದ ಬಾನಿಗೆ ಸೇರುತ್ತದೆ.

ನಮ್ಮ ಸೀಮೆಯು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತಷ್ಟೆ. ಅದೇ ಪ್ರಾಂತ್ಯದ ಪೂರ್ವತೀರದ ಉತ್ತರ ಸರ್ಕಾರುಗಳಲ್ಲಿ, ಎಂದರೆ ಇಂದಿನ ಆಂಧ್ರದ ಕರಾವಳಿಯಲ್ಲಿ, ಬೆರಿಬೆರಿ ನೆಲೆಯೂರಿದ್ದಿತು. ಕೂನೂರಿನ ಪ್ರಯೋಗಶಾಲೆಯಲ್ಲಿ ಮೆಕಾರಿಸನ್ನರೂ ಅವರ ತರುವಾಯ ಅಯ್‌ಕ್ರಾಯ್ಡರೂ ಈ ವಿಷಯವನ್ನು ಪರಿಶೋಧಿಸಿದರು. ಎರಡೂ ತೀರಗಳಲ್ಲಿ ಭತ್ತವೇ ಬೆಳೆ, ಎರಡೂ ಕಡೆ ಬಡತನ. ಆದರೆ ಮಿಲ್ಲಿನಲ್ಲಿ ಹೊಳಪಿಸಿದ ಬೇಯಿಸದ ಅಕ್ಕಿಯನ್ನು ಉಣ್ಣುವಲ್ಲಿ ವ್ಯಾಧಿ, ಕುಚ್ಚಲಕ್ಕಿಯನ್ನು ಉಣ್ಣುವ ಪ್ರದೇಶಗಳಲ್ಲಿ ಅದು ವಿರಳ. ವೈದ್ಯನಾಗಲಿ ಸರಕಾರವಾಗಲಿ ಕಲಿಸದ ಒಂದು ಮನೆಯ ಪದ್ಧತಿಯು ಲಕ್ಷಾಂತರ ಜನರನ್ನು ತಲೆಮಾರುಗಳವರೆಗೆ ಕಾಪಾಡಿತ್ತು. ಗಂಜಿಯಲ್ಲಿ ಇನ್ನೊಂದು ಗುಣವೂ ಉಂಟು. ಅನ್ನದ ತಿಳಿಯನ್ನು ಬಸಿದು ಚೆಲ್ಲಿದರೆ ಸತ್ವದ ಒಂದು ಪಾಲು ಅದರೊಡನೆ ಹೋಗುತ್ತದೆ. ಗಂಜಿಯನ್ನು ತಿಳಿಯೊಡನೆಯೇ ಉಣ್ಣುವುದರಿಂದ ಆ ನಷ್ಟವೂ ಇಲ್ಲ.

ಇಷ್ಟನ್ನು ಓದಿ, ಹಿಂದಿನವರೆಲ್ಲ ಸುಖವಾಗಿಯೂ ಆರೋಗ್ಯವಾಗಿಯೂ ಇದ್ದರೆಂದು ತಾವು ತೀರ್ಮಾನಿಸಬಾರದು. ಈ ಸೀಮೆಯ ಬಹುಮಂದಿ ಕೃಷಿಕರು ಗೇಣಿದಾರರು. ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ದಾರಿಯಲ್ಲಿ 1801ರಲ್ಲಿ ಸಂಚರಿಸಿದ ಬುಕಾನನ್ನನು ಇಲ್ಲಿಯ ಗದ್ದೆಗಳ ಬೇಸಾಯವನ್ನು ವಿವರವಾಗಿ ಬರೆದಿದ್ದಾನೆ. ಕಾರ್ತಿ, ಸುಗ್ಗಿ, ಕೊಳಕೆ ಎಂದು ನೀರಿದ್ದಲ್ಲಿ ಮೂರು ಬೆಳೆ ತೆಗೆದರೂ, ಮುಡಿಗಳು ಧಣಿಯ ಉಪ್ಪರಿಗೆಯನ್ನೇರಿದ ಮೇಲೆ ಒಕ್ಕಲಿಗೆ ಉಳಿಯುತ್ತಿದ್ದುದು ಸ್ವಲ್ಪ. ಆಷಾಢದ ಮಳೆ ಜಡಿಹಿಡಿದು ಕಣಜ ಬರಿದಾದಾಗ ಗಂಜಿಯಲ್ಲಿ ಅಗುಳಿಗಿಂತ ನೀರೇ ಹೆಚ್ಚು. ಆಗ ಹಸಿವನ್ನು ತಣಿಸಿದುವು ಹಿತ್ತಿಲಿನ ಕೆಸುವಿನ ಎಲೆ, ಹಲಸಿನ ಬೀಜ, ಬಸಳೆ, ಹರಿವೆ, ಒಂದೆಲಗ, ಹುರುಳಿ. ಇಂದು ನಾವು ನಗರದಲ್ಲಿ ಪತ್ರೊಡೆಯನ್ನೂ ತಂಬುಳಿಯನ್ನೂ ಆರೋಗ್ಯಕರವೆಂದು ಬಾಯಿ ಚಪ್ಪರಿಸಿ ಹೊಗಳುತ್ತೇವೆ. ಹೊಗಳಿಕೆ ಸರಿಯೇ, ಆದರೆ ಇವುಗಳಲ್ಲಿ ಎಷ್ಟನ್ನೋ ಕಂಡುಹಿಡಿದದ್ದು ಹಸಿದ ಮನೆಯ ತಾಯಂದಿರು. 1974ರ ಭೂಸುಧಾರಣೆಯ ಕಾನೂನಿನಿಂದ ಉಳುವವನು ಒಡೆಯನಾದ ಮೇಲೆಯೇ ಈ ಗಂಜಿ ದಪ್ಪವಾದುದು.

ಒನಕೆಯ ಗುಣಗಾನ ಮಾಡುವವರಿಗೂ ಒಂದು ಮಾತು. ಕುಟ್ಟಿದ ಅಕ್ಕಿ ಒಳ್ಳೆಯದು ನಿಜ. ಆದರೆ ಕುಟ್ಟಿದವರು ಹೆಂಗಸರು. ಮಿಲ್ಲುಗಳು ಬಂದಾಗ ಅವರ ತೋಳಿಗೆ ಬಿಡುಗಡೆ ದೊರೆಯಿತು. ಅದನ್ನು ಹಳಿಯುವುದು ನ್ಯಾಯವಲ್ಲ. ಕುಚ್ಚಲಕ್ಕಿಯನ್ನು ಮಿಲ್ಲಿನಲ್ಲಿಯೂ ಮಾಡಬಹುದು. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ಸಂಶೋಧನಾಲಯವು ಭತ್ತವನ್ನು ಬಿಸಿನೀರಿನಲ್ಲಿ ನೆನೆಸುವ ವಿಧಾನವನ್ನು ರೂಪಿಸಿ, ಹಳೆಯ ಕ್ರಮದ ದುರ್ವಾಸನೆಯನ್ನೂ ಕಾಲವ್ಯಯವನ್ನೂ ತಗ್ಗಿಸಿತು. ಕೆಟ್ಟದ್ದು ಯಂತ್ರವಲ್ಲ, ಅಕ್ಕಿ ಬೆಳ್ಳಗಿದ್ದಷ್ಟೂ ಗೌರವ ಹೆಚ್ಚೆಂಬ ನಮ್ಮ ಭ್ರಮೆ.

ಈ ಸೀಮೆಯವರೇ ಹೊರನಾಡುಗಳಲ್ಲಿ ಹೋಟೆಲುಗಳನ್ನು ತೆರೆದು ದೇಶಕ್ಕೆ ತಿಂಡಿಯ ರುಚಿ ಹತ್ತಿಸಿದರು. ಬೆಂಗಳೂರಿನಲ್ಲಿ 1924ರಲ್ಲಿ ಪ್ರಾರಂಭವಾದ ಮಾವಳ್ಳಿ ಟಿಫಿನ್ ರೂಮಿನ ಮಯ್ಯ ಸಹೋದರರು ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯವರು. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಕ್ಕಿಗೆ ಅಭಾವವುಂಟಾದ ಕಾಲದಲ್ಲಿ ರವೆಯ ಇಡ್ಲಿ ಅಲ್ಲಿ ಹುಟ್ಟಿತೆಂಬುದು ಪ್ರಸಿದ್ಧ. ಅಭಾವವು ಹೊಸ ತಿಂಡಿಯನ್ನು ಕಲಿಸಿತು. ಸಮೃದ್ಧಿಯು ನಮಗೆ ಕಲಿಸಿದ್ದು ದಿನಕ್ಕೆ ಮೂರು ಬಾರಿ ಹೋಟೆಲಿನ ತಿಂಡಿ ತಿನ್ನುವುದನ್ನು.

ಇಂದು ಬೆರಿಬೆರಿಯ ಹೆಸರನ್ನು ಕೇಳಿದವರೇ ವಿರಳ. ಅದರ ಸ್ಥಾನಕ್ಕೆ ಮಧುಮೇಹ ಬಂದು ಕುಳಿತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಫಲಿತಾಂಶವಾಗಿ 2023ರಲ್ಲಿ ಪ್ರಕಟವಾದ ಅಂದಾಜಿನಂತೆ ನಮ್ಮ ದೇಶದ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ಮೀರಿದೆ. ಕುಚ್ಚಲಕ್ಕಿ ಇದಕ್ಕೆ ಮದ್ದೆಂದು ಯಾರಾದರೂ ಹೇಳಿದರೆ ತಾವು ನಂಬಬೇಡಿ, ಕುಚ್ಚಲಕ್ಕಿಯೂ ಅಕ್ಕಿಯೇ. ದಿನವಿಡೀ ಕೆಸರಿನಲ್ಲಿ ನಿಂತು ನೇಜಿ ನೆಟ್ಟವನು ಉಂಡಷ್ಟನ್ನೇ ಕುರ್ಚಿಯ ಮೇಲೆ ಕುಳಿತವನು ಉಂಡರೆ ಯಾವ ಅಕ್ಕಿಯೂ ಕಾಪಾಡಲಾರದು. ಉಪ್ಪಿನ ವಿಷಯವೂ ಹಾಗೆಯೇ. ಗಂಜಿಯ ಜೊತೆಗೆ ಮಿಡಿಯುಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸು ಸಂದುವು, ಏಕೆಂದರೆ ಉಂಡವನ ಮೈಯಿಂದ ಉಪ್ಪು ಬೆವರಾಗಿ ಇಳಿಯುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ನಮ್ಮ ಉಪ್ಪಿನಕಾಯಿಯ ಭರಣಿ ಈ ಲೆಕ್ಕವನ್ನು ಅರಿಯದು. ಆಯ್ದಕ್ಕಿ ಲಕ್ಕಮ್ಮನ ಕಥೆ ಇಲ್ಲಿ ನೆನಪಾಗುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಪತಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳು. ಆಕೆ ಆಡಿದ್ದು ಲೋಭದ ವಿಚಾರ. ಇಂದಿನ ವೈದ್ಯನೂ ತಳಿಗೆಯನ್ನು ನೋಡಿ ಅದನ್ನೇ ಹೇಳುತ್ತಾನೆ.

ಈಗ ಈ ಸೀಮೆಯ ಗದ್ದೆಗಳಲ್ಲಿ ಹೆಚ್ಚಾಗಿ ಕಾಣುವುದು ಕೇರಳದಿಂದ ಬಂದ ‘ಎಂ.ಓ. 4’ ಎಂಬ ಕೆಂಪು ಅಕ್ಕಿಯ ತಳಿ. ತಗ್ಗಿನ ಗದ್ದೆಗಳಲ್ಲಿ ನೆರೆಯ ನೀರನ್ನು ತಾಳಿಕೊಳ್ಳುವ ‘ಸಹ್ಯಾದ್ರಿ ಪಂಚಮುಖಿ’ ಎಂಬ ಕೆಂಪು ಭತ್ತದ ತಳಿಯನ್ನು ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರವು ಬೆಳಕಿಗೆ ತಂದಿದೆ. ಆ ಕೇಂದ್ರವಿರುವ ಶಿವಮೊಗ್ಗೆಯ ವಿಶ್ವವಿದ್ಯಾಲಯಕ್ಕೆ ಕೆಳದಿ ಶಿವಪ್ಪನಾಯಕನ ಹೆಸರನ್ನಿಟ್ಟಿರುವುದು ಉಚಿತವೇ ಆಗಿದೆ. ಪಡಿತರದ ಅಂಗಡಿಯಲ್ಲಿ ತಮಗೆ ಬಿಳಿಯ ಅಕ್ಕಿಯ ಬದಲು ಊರಿನ ಕುಚ್ಚಲಕ್ಕಿಯೇ ಬೇಕೆಂದು ಕರಾವಳಿಯ ಜನರು ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಘಟ್ಟದ ಮೇಲಿನ ವಾಚಕರು ಈ ಅಕ್ಕಿಯನ್ನು ಕೊಳ್ಳುವಾಗ ಹೊಳಪು ಕೊಡದ, ಕೆಂಪು ಸಿಪ್ಪೆ ಉಳಿದಿರುವುದನ್ನೇ ಕೇಳಿ ತೆಗೆದುಕೊಳ್ಳಬೇಕು. ಅದು ಬೇಯುವುದು ನಿಧಾನ. ರಾತ್ರಿಯೇ ನೆನೆಯಿಟ್ಟರೆ ಸೌದೆಯೂ ಕಾಲವೂ ಉಳಿಯುತ್ತವೆ.