ಎಷ್ಟು ಹಳೆಯದು ಈ ಹಳೆಯ ಸಂಪ್ರದಾಯ?

2023ರ ಮೇ ತಿಂಗಳಲ್ಲಿ ಮೂರನೆಯ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕ ನಡೆಯಿತು. ಅದಕ್ಕೆ ಅಚ್ಚಾದ ಆಹ್ವಾನ ಪತ್ರಿಕೆಯ ಕೆಳ ಅಂಚಿನಲ್ಲಿ ಎಲೆಗಳಿಂದಲೇ ಮೂಡಿದ ಒಂದು ಮುಖವಿತ್ತು. ಅದು ‘ಗ್ರೀನ್ ಮ್ಯಾನ್’, ವಸಂತವನ್ನೂ ಮರುಹುಟ್ಟನ್ನೂ ಸಾರುವ ಪ್ರಾಚೀನ ಜಾನಪದ ಮೂರ್ತಿ ಎಂದು ಅರಮನೆಯೇ ವಿವರಣೆ ಕೊಟ್ಟಿತು. ಇಂಗ್ಲೆಂಡಿನ ಮಧ್ಯಯುಗದ ಚರ್ಚುಗಳಲ್ಲಿ ಇಂಥ ಎಲೆಮುಖದ ಕೆತ್ತನೆಗಳು ಬೇಕಾದಷ್ಟಿವೆ, ನಿಜ. ಆದರೆ ಅವಕ್ಕೆ ಆ ಹೆಸರಿಟ್ಟು, ಮೇ ಹಬ್ಬದಲ್ಲಿ ಮೈತುಂಬ ಸೊಪ್ಪು ಹೊತ್ತು ಕುಣಿಯುವ ‘ಜಾಕ್ ಇನ್ ದ ಗ್ರೀನ್’ ವೇಷಕ್ಕೂ ಪಬ್ಬುಗಳ ನಾಮಫಲಕದ ಚಿತ್ರಕ್ಕೂ ಗಂಟು ಹಾಕಿದವರು ಲೇಡಿ ರ‍್ಯಾಗ್ಲನ್. ಅದೂ 1939ರಲ್ಲಿ, ‘ಫೋಕ್‌ಲೋರ್’ ಪತ್ರಿಕೆಯ ಒಂದು ಪುಟ್ಟ ಲೇಖನದಲ್ಲಿ. 1979ರಲ್ಲಿ ರಾಯ್ ಜಡ್ಜ್ ಹಳೆಯ ಪತ್ರಿಕೆ, ದಾಖಲೆಗಳನ್ನೆಲ್ಲ ಜಾಲಾಡಿ ಆ ಸೊಪ್ಪಿನ ವೇಷದ ಜಾತಕ ಬಿಡಿಸಿದರು. 18ನೇ ಶತಮಾನದ ಉತ್ತರಾರ್ಧಕ್ಕಿಂತ ಹಿಂದೆ ಅದರ ಸುಳಿವೇ ಇರಲಿಲ್ಲ. ಕಟ್ಟಿದವರು ಲಂಡನ್ನಿನ ಹೊಗೆಗೂಡು ಗುಡಿಸುವವರು. ಚಳಿ ಹೋದರೆ ಅವರಿಗೆ ಕೆಲಸ ಕಡಿಮೆ, ಹಾಗಾಗಿ ವೇಷ ಹಾಕಿ ಬೀದಿಯಲ್ಲಿ ಕಾಸು ಎತ್ತುತ್ತಿದ್ದರು. ವನದೇವತೆಯನ್ನು ಹುಡುಕಿ ಹೊರಟವರಿಗೆ ಸಿಕ್ಕಿದ್ದು ಮಸಿ ಮೆತ್ತಿದ ಬಡವರ ಹೊಟ್ಟೆಪಾಡು.

ಬ್ರಿಟನ್ನಿನ ಹಬ್ಬ, ಕುಣಿತ, ಹಾಡು, ನಂಬಿಕೆಗಳನ್ನು ಅಧ್ಯಯನ ಮಾಡಿದವರ ನಾಲ್ಕು ಶತಮಾನಗಳ ಹಾದಿಯಲ್ಲಿ ಇಂಥ ತಿರುವುಗಳು ಮತ್ತೆ ಮತ್ತೆ ಬರುತ್ತವೆ. ಕಣ್ಣಾರೆ ಕಂಡದ್ದನ್ನು ಬರೆದಿಟ್ಟವರು ಇಂದಿಗೂ ಕೆಲಸಕ್ಕೆ ಬರುತ್ತಾರೆ. ಮೂಲ ಹೇಳಲು ಹೊರಟವರಲ್ಲಿ ಬಹುಪಾಲು ಮಂದಿ ಸೋತಿದ್ದಾರೆ.

ಈ ಅಧ್ಯಯನ ಹುಟ್ಟಿದ್ದು ಜಗಳದಲ್ಲಿ. 16ನೇ ಶತಮಾನದಲ್ಲಿ ಇಂಗ್ಲೆಂಡು ರೋಮಿನ ಚರ್ಚಿನಿಂದ ಸಿಡಿದು ಬಂದಾಗ, ಊರೂರಿನ ಆಚರಣೆಗಳಲ್ಲಿ ಯಾವುದು ಧರ್ಮ, ಯಾವುದು ಮೂಢತನ ಎಂಬ ಪ್ರಶ್ನೆ ಎದ್ದಿತು. ವೃತ್ತಿಯಿಂದ ದರ್ಜಿಯಾಗಿದ್ದ ಜಾನ್ ಸ್ಟೋ 1598ರ ತನ್ನ ‘ಸರ್ವೆ ಆಫ್ ಲಂಡನ್’ನಲ್ಲಿ, ಮೇ ಹಬ್ಬದಲ್ಲಿ ಸುತ್ತ ಕುಣಿಯಲು ನೆಡುವ ಒಂದು ಮೇ ಕಂಬದ ಕತೆ ಹೇಳುತ್ತಾನೆ. ಪ್ರತಿ ಮೇ ಒಂದರಂದು ಸೇಂಟ್ ಆಂಡ್ರೂ ಚರ್ಚಿನ ಮುಂದೆ ಅದನ್ನು ನಿಲ್ಲಿಸುತ್ತಿದ್ದರು. ಕಂಬ ಚರ್ಚಿನ ಗೋಪುರಕ್ಕಿಂತ ಎತ್ತರ. 1517ರ ಮೇ ದಿನ ಲಂಡನ್ನಿನ ಕೆಲಸಗಾರ ಹುಡುಗರು ಪರದೇಶಿಗಳ ಮೇಲೆ ಬಿದ್ದು ದೊಂಬಿ ಎಬ್ಬಿಸಿದ ಮೇಲೆ ಕಂಬ ಮೇಲೇಳಲಿಲ್ಲ. ಮನೆಗಳ ಸೂರಿನಡಿ, ಬಾಗಿಲುಗಳ ಮೇಲೆ ಕೊಕ್ಕೆಗಳಿಗೆ ಆನಿಸಿ ಮಲಗಿಸಿಟ್ಟರು. 1549ರಲ್ಲಿ ಒಬ್ಬ ಪಾದ್ರಿ ಇದು ವಿಗ್ರಹ ಎಂದು ಗುಡುಗಿದ. ಆ ಉಪದೇಶವನ್ನು ಸ್ಟೋ ಸ್ವತಃ ಕೇಳಿದ್ದ. ಅದೇ ಮಧ್ಯಾಹ್ನ ಊಟ ಮುಗಿಸಿ ಬಂದ ಜನ ಕಂಬವನ್ನು ಕೆಳಗಿಳಿಸಿ ಗರಗಸ ಹಾಕಿದರು; ಯಾರ ಬಾಗಿಲ ಮೇಲೆ ಎಷ್ಟುದ್ದ ಮಲಗಿತ್ತೋ ಅಷ್ಟು ಅವರವರ ಪಾಲು. ಸುಟ್ಟರು. ಕಂಬದ ಪೂಜೆಯ ಬಗ್ಗೆ ಮುಂದೆ ಬಂದ ಎಷ್ಟೋ ಸಿದ್ಧಾಂತಗಳಿಗಿಂತ ದರ್ಜಿಯ ಈ ಒಂದು ಪ್ಯಾರಾ ನನಗೆ ಹೆಚ್ಚು ಬೆಲೆಯದು.

1644ರಲ್ಲಿ, ರಾಜನ ವಿರುದ್ಧ ಯುದ್ಧಕ್ಕಿಳಿದಿದ್ದ ಪಾರ್ಲಿಮೆಂಟು ದೇಶದ ಮೇ ಕಂಬಗಳನ್ನೆಲ್ಲ ಉರುಳಿಸಲು ಆಜ್ಞೆ ಮಾಡಿತು. 1647ರಲ್ಲಿ ಕ್ರಿಸ್‌ಮಸ್ಸೂ ರದ್ದಾಯಿತು. 1660ರಲ್ಲಿ ರಾಜರ ಆಳ್ವಿಕೆ ಮರಳಿತು, ಮರುವರ್ಷವೇ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ 134 ಅಡಿಯ ಹೊಸ ಕಂಬ ಎದ್ದಿತು. ಅದು ಹಳತಾದ ಮೇಲೆ ನ್ಯೂಟನ್ ಪಡೆದುಕೊಂಡು, ವಾನ್‌ಸ್ಟೆಡ್‌ನಲ್ಲಿ ದೊಡ್ಡ ದೂರದರ್ಶಕವೊಂದಕ್ಕೆ ಆಧಾರವಾಗಿ ನಿಲ್ಲಿಸಲು ಕಳುಹಿಸಿದ.

ಈ ಅಲ್ಲೋಲಕಲ್ಲೋಲವನ್ನು ಯೌವನದಲ್ಲೇ ಕಂಡವನು ಜಾನ್ ಆಬ್ರಿ. 1686ರ ಸುಮಾರಿಗೆ ಆತ ಬರೆದಿಟ್ಟ ಹಸ್ತಪ್ರತಿ ಈ ಕ್ಷೇತ್ರದ ಮೊದಲ ನಿಜವಾದ ಸಂಗ್ರಹ. ಅಚ್ಚಾಗಲು ಅದಕ್ಕೆ 1881ರವರೆಗೆ ಕಾಯಬೇಕಾಯಿತು. ಅಚ್ಚಿನ ಪುಸ್ತಕಗಳೂ ಕೋವಿಮದ್ದೂ ಸೇರಿ ಯಕ್ಷಿಣಿಯರನ್ನು ಓಡಿಸಿಬಿಟ್ಟವು ಎಂಬುದು ಅವನ ಕೊರಗು. ಹೆರೆಫರ್ಡ್‌ಶೈರ್ ಕಡೆಯ ‘ಪಾಪ ತಿನ್ನುವವರ’ ವಿಷಯ ನಮಗೆ ತಿಳಿದದ್ದೂ ಅವನಿಂದಲೇ. ಹೆಣವನ್ನು ಮನೆಯಿಂದ ಹೊರತಂದಾಗ ಒಬ್ಬ ಬಡವನನ್ನು ಕರೆಸುತ್ತಿದ್ದರು. ಹೆಣದ ಮೇಲಿಂದ ಅವನಿಗೆ ಒಂದು ರೊಟ್ಟಿ, ಮರದ ಬಟ್ಟಲಿನಲ್ಲಿ ಬಿಯರು, ಆರು ಪೆನ್ಸು ಕೊಡುತ್ತಿದ್ದರು. ತಿಂದು ಕುಡಿದ ಮೇಲೆ ಸತ್ತವನ ಪಾಪವೆಲ್ಲ ಇವನದು. ಆಬ್ರಿ ಇದನ್ನು ಬೈಬಲಿನ ಬಲಿಮೇಕೆಗೆ ಹೋಲಿಸಿ ಸುಮ್ಮನಾಗುತ್ತಾನೆ. ಆದರೆ ರೊಟ್ಟಿ, ಬಟ್ಟಲು, ಕಾಸು, ಯಾವ ಊರು ಎಂಬುದೆಲ್ಲವನ್ನೂ ದಾಖಲಿಸಿಯೇ ಮುಂದೆ ಹೋಗುತ್ತಾನೆ.

ಆಮೇಲಿನ ನೂರು ವರ್ಷ ಪಾದ್ರಿಗಳ ಕಾಲ. 1725ರಲ್ಲಿ ನ್ಯೂಕ್ಯಾಸಲ್ಲಿನ ಹೆನ್ರಿ ಬೋರ್ನ್, ಯಾವ ಪದ್ಧತಿ ಉಳಿಸಿಕೊಳ್ಳಬಹುದು, ಯಾವುದನ್ನು ಬಿಡಬೇಕು ಎಂದು ತೀರ್ಪು ಕೊಡುವ ಪುಸ್ತಕ ಬರೆದ. ಅದೇ ಊರಿನ ಜಾನ್ ಬ್ರ್ಯಾಂಡ್ 1777ರಲ್ಲಿ ಆ ಪುಸ್ತಕಕ್ಕೆ ತನ್ನ ಟಿಪ್ಪಣಿಗಳನ್ನು ಸೇರಿಸಿ ಹಿಗ್ಗಿಸಿದ. ಮುಂದಿನವರೆಲ್ಲ ಬ್ರ್ಯಾಂಡ್‌ನಿಂದ ಎತ್ತಿ ಬರೆದರು.

1846ರ ಆಗಸ್ಟಿನಲ್ಲಿ ವಿಲಿಯಂ ಥಾಮ್ಸ್ ‘ಅಥೀನಿಯಂ’ ಪತ್ರಿಕೆಗೆ ಬೇನಾಮಿಯಾಗಿ ಒಂದು ಪತ್ರ ಬರೆದು ಈ ವಿಷಯಕ್ಕೆ ‘ಫೋಕ್‌ಲೋರ್’ ಎಂದು ನಾಮಕರಣ ಮಾಡಿದ. 1878ರಲ್ಲಿ ಲಂಡನ್ನಿನಲ್ಲಿ ಫೋಕ್‌ಲೋರ್ ಸೊಸೈಟಿ ಹುಟ್ಟಿತು. ಅಷ್ಟರಲ್ಲಿ ಡಾರ್ವಿನ್ನನ ಗಾಳಿ ಬೀಸಿತ್ತು. 1871ರಲ್ಲಿ ಎಡ್ವರ್ಡ್ ಟೈಲರ್ ಒಂದು ಸೂತ್ರ ಕೊಟ್ಟ: ಹಳ್ಳಿಯವರ ಅರ್ಥವಾಗದ ಆಚರಣೆಗಳೆಲ್ಲ ಆದಿಮಾನವನ ಕಾಲದ ಪಳೆಯುಳಿಕೆ. ಕೇಳಲು ಎಷ್ಟು ಚೆಂದ! ಇನ್ನು ಹಳ್ಳಿಯವನನ್ನು ನೀನು ಇದನ್ನು ಯಾಕೆ ಮಾಡುತ್ತೀಯಪ್ಪಾ ಎಂದು ಕೇಳುವ ಕೆಲಸವೇ ಇಲ್ಲ, ಅವನಿಗೇ ಗೊತ್ತಿಲ್ಲವಲ್ಲ! ಆಲಿಸ್ ಗೊಮ್ 1890ರ ದಶಕದಲ್ಲಿ ಮಕ್ಕಳ ಆಟಗಳ ಎರಡು ಅಮೂಲ್ಯ ಸಂಪುಟ ತಂದರು. ಆದರೆ ‘ಲಂಡನ್ ಬ್ರಿಜ್’ ಆಟದಲ್ಲಿ ಅವರಿಗೆ ಕಂಡದ್ದು ಸೇತುವೆಯ ಬುಡಕ್ಕೆ ನರಬಲಿ ಕೊಟ್ಟ ನೆನಪು. ಸಂಗ್ರಹ ಉಳಿಯಿತು, ನರಬಲಿ ಬಿದ್ದುಹೋಯಿತು.

ಈ ದಾರಿಯ ತುದಿ ಜೇಮ್ಸ್ ಫ್ರೇಜರ್‌ನ ‘ದ ಗೋಲ್ಡನ್ ಬೌ’. 1890ರಲ್ಲಿ ಎರಡು ಸಂಪುಟ, 1915ರ ಹೊತ್ತಿಗೆ ಹನ್ನೆರಡು. ಕೇಂಬ್ರಿಜ್‌ನ ಪುಸ್ತಕಗಳ ನಡುವೆ ಕೂತು, ಸಾಮ್ರಾಜ್ಯದ ಮೂಲೆಮೂಲೆಯ ಮಿಷನರಿಗಳಿಗೂ ಅಧಿಕಾರಿಗಳಿಗೂ ಪ್ರಶ್ನಾವಳಿ ಕಳುಹಿಸಿ ಆತ ಇದನ್ನು ಕಟ್ಟಿದ. ಸತ್ತು ಹುಟ್ಟುವ ಬೆಳೆಯ ದೇವರು ಎಂಬ ಒಂದು ಗೂಟಕ್ಕೆ ಲೋಕದ ಆಚರಣೆಗಳನ್ನೆಲ್ಲ ತಂದು ಕಟ್ಟಿದ ಗ್ರಂಥ ಅದು. ಸಾಹಿತ್ಯವಾಗಿ ಓದಿದರೆ ಇವತ್ತಿಗೂ ಸೆಳೆಯುತ್ತದೆ, ಶಾಸ್ತ್ರವಾಗಿ ಅಲ್ಲ. ಅದೇ ದಶಕಗಳಲ್ಲಿ ಕನ್ನಡನಾಡಿನಲ್ಲಿದ್ದ ಜೆ.ಎಫ್. ಫ್ಲೀಟ್ ಸಿದ್ಧಾಂತದ ಗೋಜಿಗೆ ಹೋಗದೆ, 1885ರಿಂದ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಸಂಗೊಳ್ಳಿ ರಾಯಣ್ಣನ, ಹಲಗಲಿ ಬೇಡರ ಲಾವಣಿಗಳನ್ನು ಕನ್ನಡ ಪಾಠದೊಂದಿಗೇ ಅಚ್ಚು ಹಾಕಿಸಿದ. ಬ್ರಿಟಿಷರ ವಿರುದ್ಧ ದಂಗೆ ಎದ್ದವರ ಹಾಡುಗಳನ್ನು ಉಳಿಸಿಕೊಟ್ಟವನು ಬ್ರಿಟಿಷ್ ಅಧಿಕಾರಿ!

ಕುರ್ಚಿಯಿಂದ ಎದ್ದು ಜನರ ಬಳಿಗೆ ಹೋದವರಲ್ಲಿ ದೊಡ್ಡ ಹೆಸರು ಸೆಸಿಲ್ ಶಾರ್ಪ್. 1899ರ ಡಿಸೆಂಬರ್ 26ರಂದು ಆಕ್ಸ್‌ಫರ್ಡ್ ಪಕ್ಕದ ಹೆಡಿಂಗ್ಟನ್‌ನಲ್ಲಿ ಅತ್ತೆಯ ಮನೆಯ ಕಿಟಕಿಯಿಂದ ಅವರು ಹೊರಗೆ ನೋಡಿದರು. ಬಿಳಿ ಬಟ್ಟೆ ತೊಟ್ಟು ಗೆಜ್ಜೆ ಕಟ್ಟಿದ ಗಂಡಸರು ಮಾರಿಸ್ ಎಂಬ ಜಾನಪದ ಕುಣಿತ ಕುಣಿಯುತ್ತಿದ್ದರು. ವಿಲಿಯಂ ಕಿಂಬರ್ ಕನ್ಸರ್ಟಿನಾ ನುಡಿಸುತ್ತಿದ್ದ. ಕುಣಿತದ ಕಾಲ ಮೇ-ಜೂನಿನ ವಿಟ್ಸನ್ ಹಬ್ಬ, ಆದರೆ ಹಿಮ ಬಿದ್ದು ಕಟ್ಟಡದ ಕೆಲಸ ನಿಂತಿದೆ, ಕೈಯಲ್ಲಿ ಕಾಸಿಲ್ಲ, ಅದಕ್ಕೇ ಈಗ ಬಂದೆವು ಎಂದು ಅವರು ಸಂಕೋಚದಿಂದ ಹೇಳಿಕೊಂಡರಂತೆ. ಶಾರ್ಪ್ ಮರುದಿನ ಕಿಂಬರನನ್ನು ಕರೆಸಿ ಮಟ್ಟುಗಳನ್ನು ಬರೆದುಕೊಂಡರು. 1903ರಲ್ಲಿ ಸಾಮರ್ಸೆಟ್‌ನ ಹ್ಯಾಂಬ್ರಿಜ್‌ನಲ್ಲಿ ಜಾನ್ ಇಂಗ್ಲೆಂಡ್ ಎಂಬ ತೋಟದ ಮಾಲಿಯ ಹಾಡು ಕಿವಿಗೆ ಬಿತ್ತು. ಅಲ್ಲಿಂದ ಕೊನೆಯವರೆಗೆ ಇಂಗ್ಲೆಂಡಿನಲ್ಲೂ ಅಮೆರಿಕದ ಅಪಲೇಚಿಯನ್ ಬೆಟ್ಟಗಳಲ್ಲೂ ಅಲೆದು ಐದು ಸಾವಿರದ ಹತ್ತಿರ ಮಟ್ಟುಗಳನ್ನು ಕೂಡಿಹಾಕಿದರು.

ಇಷ್ಟು ದುಡಿದವರೂ ಸಿದ್ಧಾಂತದ ಮೋಹ ಬಿಡಲಿಲ್ಲ. ಮಾರಿಸ್ ಕುಣಿತ ಪ್ರಾಚೀನ ಫಲವಂತಿಕೆಯ ಪೂಜೆ ಎಂದೇ ಶಾರ್ಪ್ ಬರೆದರು. ಅವರು ಕಿಟಕಿಯಿಂದ ಕಂಡ ತಂಡವಾದರೋ, ಪರ್ಸಿ ಮ್ಯಾನಿಂಗ್ ಎಂಬ ಆಕ್ಸ್‌ಫರ್ಡಿನ ವಿದ್ವಾಂಸ ಅದೇ ವರ್ಷ ಆಸಕ್ತಿ ವಹಿಸಿ ಮತ್ತೆ ಎಬ್ಬಿಸಿದ ತಂಡ. ಅದಕ್ಕೆ ಮೊದಲು ಕುಣಿತ ನಿಂತೇಹೋಗಿತ್ತು. ಮಾರಿಸ್ ಬಗ್ಗೆ ಸಿಕ್ಕಿರುವ ಅತ್ಯಂತ ಹಳೆಯ ದಾಖಲೆ ಹಳ್ಳಿಯದೂ ಅಲ್ಲ. 1448ರಲ್ಲಿ ಲಂಡನ್ನಿನ ಅಕ್ಕಸಾಲಿಗರ ಸಂಘ ಕುಣಿದವರಿಗೆ ಏಳು ಶಿಲಿಂಗ್ ಕೊಟ್ಟ ಲೆಕ್ಕ ಅದು. ಆಸ್ಥಾನದ, ನಗರದ ಮೋಜು ನಿಧಾನವಾಗಿ ಹಳ್ಳಿಗೆ ಇಳಿದದ್ದು. ಶಾರ್ಪ್ ಮುದುಕರ ಹಳ್ಳಿಹಾಡನ್ನಷ್ಟೇ ಆರಿಸಿಕೊಂಡು ಕಾರ್ಖಾನೆಯ ಊರುಗಳನ್ನು ಕಡೆಗಣಿಸಿದರು ಎಂದು 1985ರಲ್ಲಿ ಡೇವ್ ಹಾರ್ಕರ್ ಕಟುವಾಗಿ ಬರೆದರು. ಆರೋಪದಲ್ಲಿ ಹುರುಳಿದೆ, ಹಾರ್ಕರ್ ಅದನ್ನು ಹಿಗ್ಗಿಸಿದ್ದೂ ಹೌದು. ಶಾರ್ಪ್ ಬರೆದುಕೊಳ್ಳದಿದ್ದರೆ ಜಗಳವಾಡಲು ಹಾಡುಗಳೇ ಇರುತ್ತಿರಲಿಲ್ಲ.

ಎರಡು ಮಹಾಯುದ್ಧಗಳ ನಡುವಿನ ಕಾಲದ ಬಗ್ಗೆ ಹೆಚ್ಚು ಹೇಳುವುದು ಬೇಡ. ಮಾಟಗಾತಿಯರೆಂದು ಕೊಂದವರೆಲ್ಲ ಹಳೆಯ ಗುಪ್ತ ಧರ್ಮವೊಂದರ ಅನುಯಾಯಿಗಳು ಎಂದು ಮಾರ್ಗರೆಟ್ ಮರ್‍ರೆ 1921ರಲ್ಲಿ ವಾದಿಸಿದರು. 1929ರಲ್ಲಿ ಅದು ಬ್ರಿಟಾನಿಕಾ ವಿಶ್ವಕೋಶಕ್ಕೂ ಹೋಯಿತು. ಪುರಾವೆ ಪರೀಕ್ಷಿಸಿದ ಇತಿಹಾಸಕಾರರು ಅದನ್ನು ತಳ್ಳಿಹಾಕಿದ್ದಾರೆ.

ನಿಜವಾದ ತಿರುವು ಯಾವ ವಿಶ್ವವಿದ್ಯಾಲಯದಿಂದಲೂ ಬರಲಿಲ್ಲ. ಅಯೋನಾ ಮತ್ತು ಪೀಟರ್ ಓಪಿ ದಂಪತಿ ಯಾವ ಹುದ್ದೆಯೂ ಇಲ್ಲದೆ ಮನೆಯಿಂದಲೇ ದುಡಿದವರು. 1959ರಲ್ಲಿ ಅವರು ಪ್ರಕಟಿಸಿದ ಶಾಲಾಮಕ್ಕಳ ಲೋಕದ ಪುಸ್ತಕಕ್ಕೆ ಸುಮಾರು 70 ಶಾಲೆಗಳ 5,000 ಮಕ್ಕಳು ಮಾಹಿತಿದಾರರು. ಆಟದ ಮಧ್ಯೆ ಸುಸ್ತಾದಾಗ ನಮ್ಮ ಮಕ್ಕಳು ‘ಟೈಂ ಪ್ಲೀಸ್’ ಅನ್ನುತ್ತಾರಲ್ಲ, ಅಂಥ ಮಾತಿಗೆ ಬ್ರಿಟನ್ನಿನ ಯಾವ ಸೀಮೆಯಲ್ಲಿ ಏನನ್ನುತ್ತಾರೆಂದು ಅವರು ನಕಾಶೆಯನ್ನೇ ಬರೆದರು. 1936ರಲ್ಲಿ ಎಂಟನೆಯ ಎಡ್ವರ್ಡ್ ಸಿಂಪ್ಸನ್ ಎಂಬ ವಿಚ್ಛೇದಿತೆಗಾಗಿ ಪಟ್ಟ ಬಿಟ್ಟಾಗ ಹುಟ್ಟಿದ ಒಂದು ತುಂಟ ಪದ್ಯ ಕೆಲವೇ ವಾರಗಳಲ್ಲಿ ದೇಶದ ಶಾಲೆಗಳಿಗೆಲ್ಲ ಹಬ್ಬಿದ್ದನ್ನೂ ತೋರಿಸಿಕೊಟ್ಟರು. ರೇಡಿಯೋ ಇಲ್ಲ, ಪತ್ರಿಕೆ ಇಲ್ಲ, ಬಾಯಿಂದ ಬಾಯಿಗೆ. ಸಂಪ್ರದಾಯ ಅಜ್ಜಿಯಿಂದ ಮಾತ್ರ ಬರುತ್ತದೆಂಬ ನಂಬಿಕೆ ಅಲ್ಲಿಗೆ ಅಲುಗಿತು. ನಮ್ಮ ಕಾನ್ವೆಂಟುಗಳಲ್ಲೂ ಕೈ ಹಿಡಿದು ಸುತ್ತುವ ‘ರಿಂಗ್ ಎ ರಿಂಗ್ ಒ ರೋಸಸ್’ ಪ್ಲೇಗಿನ ಹಾಡು ಎಂಬ ಮಾತು ಇಂದಿಗೂ ಓಡಾಡುತ್ತಿದೆ. 17ನೇ ಶತಮಾನದ ಪ್ಲೇಗಿಗೆ ಗಂಟು ಹಾಕುವ ಈ ವಿವರಣೆ ಚಾಲ್ತಿಗೆ ಬಂದದ್ದು ಎರಡನೆಯ ಮಹಾಯುದ್ಧದ ಆಚೀಚೆ ಎಂದು ಓಪಿ ದಂಪತಿ ಎಂದೋ ತಿಳಿಸಿದ್ದರು. ಯಾರೂ ಕಿವಿಗೆ ಹಾಕಿಕೊಂಡಿಲ್ಲ.

1983ರಲ್ಲಿ ಎರಿಕ್ ಹಾಬ್ಸ್‌ಬಾಮ್ ಮತ್ತು ಟೆರೆನ್ಸ್ ರೇಂಜರ್ ಸಂಪಾದಿಸಿದ ‘ದ ಇನ್ವೆನ್ಷನ್ ಆಫ್ ಟ್ರೆಡಿಷನ್’ ಹೊರಬಂತು. ಹಳೆಯದೆಂದು ತೋರುವುದರಲ್ಲಿ ಬಹಳಷ್ಟು ಬೇಕೆಂದೇ ಕಟ್ಟಿದ್ದು ಎಂಬುದು ಪುಸ್ತಕದ ವಾದ. ಅದರಲ್ಲಿ ಪ್ರಿಸ್ ಮಾರ್ಗನ್ ವೇಲ್ಸಿನ ಯೋಲೊ ಮಾರ್ಗನೂಗ್‌ನ ಕತೆ ಹೇಳುತ್ತಾರೆ. ಆತ ಕಲ್ಲುಕುಟಿಗ, ಅಫೀಮಿನ ದಾಸ, ಹಳೆಯ ಕವಿಗಳ ಹೆಸರಿನಲ್ಲಿ ತಾನೇ ಪದ್ಯ ಹೊಸೆಯುವ ಪ್ರತಿಭಾವಂತ. 1792ರಲ್ಲಿ ಲಂಡನ್ನಿನ ಪ್ರಿಮ್‌ರೋಸ್ ಗುಡ್ಡದ ಮೇಲೆ ಕಲ್ಲಿನ ವೃತ್ತ ಇಟ್ಟು, ಇದು ಪ್ರಾಚೀನ ಡ್ರೂಯಿಡ್ ಪುರೋಹಿತರ ಕವಿಗೋಷ್ಠಿ ಎಂದು ಸಾರಿದ. ಇಂದಿಗೂ ವೇಲ್ಸಿನ ರಾಷ್ಟ್ರೀಯ ಐಸ್ಟೆಡ್‌ವಾಡ್ ಉತ್ಸವದಲ್ಲಿ ನಿಲುವಂಗಿ ತೊಟ್ಟವರು ಅದನ್ನೇ ನಡೆಸುತ್ತಾರೆ. 1946ರಲ್ಲಿ ರಾಜಕುಮಾರಿ ಎಲಿಜಬೆತ್ ಕೂಡ ಆ ಬಳಗ ಸೇರಿದರು. ಸ್ಕಾಟ್ ಗಂಡಸರು ಉಡುವ ಗಿಡ್ಡ ಲಂಗ ಕಿಲ್ಟನ್ನು ರೂಪಿಸಿದವನು ಲ್ಯಾಂಕಷೈರಿನ ಕಬ್ಬಿಣದ ಉದ್ಯಮಿ ಥಾಮಸ್ ರಾಲಿನ್ಸನ್ ಎಂದು ಹ್ಯೂ ಟ್ರೆವರ್-ರೋಪರ್ ಅದೇ ಪುಸ್ತಕದಲ್ಲಿ ವಾದಿಸಿದರು. ಅದನ್ನು ಎಲ್ಲರೂ ಒಪ್ಪಿಲ್ಲ. ಸ್ಕಾಟರ ಮೋಸ ಬಯಲು ಮಾಡಿದ ಇದೇ ಮಹಾಶಯರು ಅದೇ 1983ರಲ್ಲಿ ಹಿಟ್ಲರನ ಖೊಟ್ಟಿ ಡೈರಿಗಳನ್ನು ಅಸಲಿ ಎಂದು ಹೇಳಿ ಕೈಸುಟ್ಟುಕೊಂಡರು. ರಾಜಮನೆತನದ ಬಗ್ಗೆ ಡೇವಿಡ್ ಕ್ಯಾನಡೈನ್ ಬರೆದದ್ದು ಇನ್ನೂ ರುಚಿಯಾದದ್ದು. 1838ರ ವಿಕ್ಟೋರಿಯಾ ಪಟ್ಟಾಭಿಷೇಕದಲ್ಲಿ ತಾಲೀಮೇ ಇರಲಿಲ್ಲ, ಉಂಗುರವನ್ನು ತಪ್ಪು ಬೆರಳಿಗೆ ತುರುಕಿದರು, ವೃದ್ಧ ಲಾರ್ಡ್ ರೋಲ್ ಮೆಟ್ಟಿಲಿನಿಂದ ಉರುಳಿದರು. ಈಗ ನಾವು ಟಿವಿಯಲ್ಲಿ ನೋಡುವ ಅಚ್ಚುಕಟ್ಟು ವೈಭವ 1870ರ ದಶಕದ ನಂತರ ರೂಢಿಸಿಕೊಂಡದ್ದು.

ಈ ಪುಸ್ತಕದಿಂದ ಒಂದು ಕೆಡುಕೂ ಆಯಿತು. ‘ಎಲ್ಲವೂ ಕಟ್ಟುಕತೆ’ ಎನ್ನುವುದು ಫ್ಯಾಶನ್ನಾಯಿತು. ಅದನ್ನು ಸರಿದಾರಿಗೆ ತಂದವರು ರೊನಾಲ್ಡ್ ಹಟನ್. ನಮ್ಮ ಪಕ್ಕದ ಊಟಿಯಲ್ಲೇ 1953ರಲ್ಲಿ ಹುಟ್ಟಿದವರು. 1994 ಮತ್ತು 1996ರ ಎರಡು ಗ್ರಂಥಗಳಿಗಾಗಿ ಅವರು ಕೆದಕಿದ್ದು ಹಳೆಯ ಚರ್ಚುಗಳ ಜಮಾಖರ್ಚಿನ ಪುಸ್ತಕಗಳನ್ನು. ಈಸ್ಟರ್ ಕಳೆದು ಬರುವ ‘ಹಾಕ್‌ಟೈಡ್’ ದಿನಗಳಲ್ಲಿ ಹೆಂಗಸರು ಹಗ್ಗ ಹಿಡಿದು ದಾರಿಹೋಕ ಗಂಡಸರನ್ನು ಕಟ್ಟಿಹಾಕಿ, ಬಿಡಿಸಿಕೊಳ್ಳಲು ಕಾಸು ವಸೂಲಿ ಮಾಡಿ ಚರ್ಚಿಗೆ ಕೊಡುತ್ತಿದ್ದರು. ಇನ್ನೊಂದು ದಿನ ಗಂಡಸರ ಸರದಿ. ಲೆಕ್ಕದಲ್ಲಿ ಹೆಂಗಸರ ವಸೂಲಿಯೇ ಸಾಮಾನ್ಯವಾಗಿ ಹೆಚ್ಚು! ‘ಅನಾದಿ’ ಎನಿಸಿಕೊಂಡ ಇಂಥ ಎಷ್ಟೋ ಹಬ್ಬಗಳು 15ನೇ ಶತಮಾನದಲ್ಲಿ, ಚರ್ಚಿನ ಛಾವಣಿಗೆ ದುಡ್ಡು ಹೊಂದಿಸುವ ಗರಜಿನಲ್ಲಿ ಬೆಳೆದವು ಎಂಬುದು ಹಟನ್‌ರ ತೀರ್ಮಾನ. ಹಾಗೆಂದು ಅವರು ಎಲ್ಲವನ್ನೂ ಹೊಸದು ಅನ್ನುವುದಿಲ್ಲ. ಯಾವುದಕ್ಕೆ ಪುರಾವೆ ಇದೆಯೋ ಅದನ್ನು ಹಳೆಯದೆಂದೇ ಒಪ್ಪುತ್ತಾರೆ.

ಪುರಾವೆ ಸುಲಭವಾಗಿ ಬಗ್ಗದ ಒಂದು ಊರೂ ಇದೆ. ಸ್ಟ್ಯಾಫರ್ಡ್‌ಷೈರಿನ ಆಬಟ್ಸ್ ಬ್ರಾಮ್ಲಿಯಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಆರು ಜನ ಭಾರಿ ಹಿಮಸಾರಂಗದ ಕೊಂಬುಗಳನ್ನು ಹೊತ್ತು ದಿನವಿಡೀ ಕುಣಿಯುತ್ತಾರೆ. ಕೊಂಬಿನ ಕುಣಿತದ ಮೊದಲ ದಾಖಲೆ 1686ರದು. ಆದರೆ 1976ರ ಕಾರ್ಬನ್ ಪರೀಕ್ಷೆ ಕೊಂಬೊಂದನ್ನು 11ನೇ ಶತಮಾನಕ್ಕೆ ಕೊಂಡೊಯ್ದಿತು. ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹಿಮಸಾರಂಗಗಳೇ ಇರಲಿಲ್ಲ.

ಈಗಿನ ವಿದ್ವಾಂಸರಿಗೆ ಕ್ಷೇತ್ರ ಹಿಗ್ಗಿದೆ. ಕ್ಲಾಡಿಯಾ ಜೋನ್ಸ್ 1959ರಲ್ಲಿ ಒಳಾಂಗಣದಲ್ಲಿ ನಡೆಸಿದ ಕೆರಿಬಿಯನ್ ಕಾರ್ನಿವಲ್, ಅದರ ಬೆನ್ನಿಗೆ ಬೀದಿಗೆ ಬಂದ ನಾಟಿಂಗ್ ಹಿಲ್ ಉತ್ಸವ, ಲೆಸ್ಟರಿನ ಬೆಲ್‌ಗ್ರೇವ್ ರಸ್ತೆಯ ದೀಪಾವಳಿ, ಎಲ್ಲವೂ ಬ್ರಿಟಿಷ್ ಸಂಪ್ರದಾಯಗಳೇ. 2020ರಲ್ಲಿ ಮಾರಿಸ್ ಸಂಘಟನೆಗಳು ಮುಖಕ್ಕೆ ಪೂರ್ತಿ ಕಪ್ಪು ಬಳಿಯುವುದನ್ನು ನಿಲ್ಲಿಸಲು ತೀರ್ಮಾನಿಸಿದಾಗ, ಆ ಪದ್ಧತಿ ಎಷ್ಟು ಹಳೆಯದು ಎಂಬುದೇ ವಾದದ ಕೇಂದ್ರವಾಯಿತು. ಅಮೂರ್ತ ಪರಂಪರೆಯ ಯುನೆಸ್ಕೋ ಒಪ್ಪಂದಕ್ಕೆ ಭಾರತ 2005ರಲ್ಲೇ ಸೇರಿತ್ತು. ಬ್ರಿಟನ್ ಸೇರಿದ್ದು 2024ರಲ್ಲಿ, ಪಟ್ಟಿ ಮಾಡುವ ಕೆಲಸ ಶುರುವಾದದ್ದೂ ಆಮೇಲೆಯೇ.

ಅಲ್ಲಿ ನೆಲೆಸಿ ಪೌರತ್ವ ಬಯಸುವ ಕನ್ನಡಿಗರೂ ‘ಲೈಫ್ ಇನ್ ದ ಯುಕೆ’ ಪರೀಕ್ಷೆಗೆ ಈ ಹಬ್ಬಗಳ ದಿನಾಂಕಗಳನ್ನು ಉರು ಹೊಡೆಯುತ್ತಾರೆ. 24 ಪ್ರಶ್ನೆ, 45 ನಿಮಿಷ. ಪಾಸಾಗಲು ಉರು ಹೊಡೆದರೆ ಸಾಕು. ವಿಷಯ ತಿಳಿಯಬೇಕೆನ್ನುವವರು ಹಟನ್‌ರ ‘ಸ್ಟೇಷನ್ಸ್ ಆಫ್ ದ ಸನ್’ ಓದಲಿ, ಆಮೇಲೆ ಓಪಿ ದಂಪತಿಯನ್ನು. ಫ್ರೇಜರ್‌ನನ್ನು ಕೊನೆಗೆ ಇಟ್ಟುಕೊಳ್ಳಿ.