ಲೈಪೋಪ್ರೋಟೀನ್‌ಗಳು, ಕೊಲೆಸ್ಟ್ರಾಲ್ ಮತ್ತು ಹೃದಯದ ಆರೋಗ್ಯ

ಹೃದಯಾಘಾತವು ನಗರವಾಸಿಗಳ ಹಾಗೂ ಸ್ಥೂಲಕಾಯದವರ ರೋಗವೆಂಬ ನಂಬಿಕೆ ಗ್ರಾಮಗಳಲ್ಲಿ ಇಂದಿಗೂ ಉಳಿದಿದೆ. ವಾಸ್ತವವಾಗಿ ತೆಳು ಮೈಕಟ್ಟಿನವರಲ್ಲಿಯೂ, ಹೊಲದಲ್ಲಿ ದುಡಿಯುವವರಲ್ಲಿಯೂ ಇದು ಕಾಣಿಸಿಕೊಳ್ಳುತ್ತದೆ. ರಕ್ತದಲ್ಲಿ ಕೊಲೆಸ್ಟ್ರಾಲ್ ಏರಿದಾಗ ಸಾಮಾನ್ಯವಾಗಿ ನೋವಾಗಲಿ ಆಯಾಸವಾಗಲಿ ಕಂಡುಬರುವುದಿಲ್ಲ. ಆದ್ದರಿಂದ ರಕ್ತಪರೀಕ್ಷೆಯ ವರದಿಯನ್ನು ಅರ್ಥಮಾಡಿಕೊಳ್ಳುವುದು ಮತ್ತು ಅಡುಗೆ ಎಣ್ಣೆಯನ್ನು ವಿವೇಚನೆಯಿಂದ ಬಳಸುವುದು ಪ್ರತಿ ಕುಟುಂಬಕ್ಕೂ ಅಗತ್ಯ.

ಕೊಲೆಸ್ಟ್ರಾಲ್ ಎಂದರೇನು?

ಕೊಲೆಸ್ಟ್ರಾಲ್ ಮೇಣದಂತಹ ಜಿಡ್ಡಿನ ವಸ್ತು. ಜೀವಕೋಶಗಳ ಪೊರೆ, ಪಿತ್ತಾಮ್ಲಗಳು, ವಿಟಮಿನ್ ಡಿ ಹಾಗೂ ಹಲವು ಹಾರ್ಮೋನುಗಳ ತಯಾರಿಕೆಗೆ ಇದು ಬೇಕು. ಇದರ ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಈ ಕಾರ್ಯದಲ್ಲಿ ಯಕೃತ್ತಿನ ಪಾತ್ರ ಮುಖ್ಯವಾದುದು. ಆಹಾರದ ಮೂಲಕ ಬರುವ ಕೊಲೆಸ್ಟ್ರಾಲ್ ಹಾಲು, ಬೆಣ್ಣೆ, ತುಪ್ಪ, ಮೊಟ್ಟೆ, ಮಾಂಸಗಳಂತಹ ಪ್ರಾಣಿಜನ್ಯ ಪದಾರ್ಥಗಳದ್ದು. ಸಸ್ಯಜನ್ಯ ಎಣ್ಣೆಗಳಲ್ಲಿ ಅದು ಇಲ್ಲವೆನ್ನುವಷ್ಟು ಅಲ್ಪ. ಹೀಗಾಗಿ ಎಣ್ಣೆಯ ಪ್ಯಾಕೆಟ್ಟಿನ ಮೇಲೆ ‘ಕೊಲೆಸ್ಟ್ರಾಲ್ ರಹಿತ’ ಎಂದು ಮುದ್ರಿಸಿದ್ದನ್ನು ಆ ಎಣ್ಣೆಯ ವಿಶೇಷ ಗುಣವೆಂದು ಭಾವಿಸಬಾರದು.

ಲೈಪೋಪ್ರೋಟೀನ್‌ಗಳ ವಿಧಗಳು

ಎಣ್ಣೆ ನೀರಿನಲ್ಲಿ ಬೆರೆಯದಂತೆ ಕೊಬ್ಬು ಮತ್ತು ಕೊಲೆಸ್ಟ್ರಾಲ್ ರಕ್ತದಲ್ಲಿ ತಾವಾಗಿಯೇ ಬೆರೆಯಲಾರವು. ಪ್ರೋಟೀನ್ ಒಳಗೊಂಡ ಹೊರಪದರವುಳ್ಳ ಸೂಕ್ಷ್ಮ ಕಣಗಳಲ್ಲಿ ಅವು ಸಾಗುತ್ತವೆ. ಈ ಕಣಗಳೇ ಲೈಪೋಪ್ರೋಟೀನ್‌ಗಳು.

• ಕೈಲೋಮೈಕ್ರಾನ್: ಊಟದ ಕೊಬ್ಬನ್ನು ಕರುಳಿನಿಂದ ದೇಹಕ್ಕೆ ಒಯ್ಯುತ್ತದೆ.
• ವಿ.ಎಲ್.ಡಿ.ಎಲ್.: ಯಕೃತ್ತು ತಯಾರಿಸಿದ ಟ್ರೈಗ್ಲಿಸರೈಡ್ ಕೊಬ್ಬನ್ನು ಅಂಗಾಂಶಗಳಿಗೆ ಸಾಗಿಸುತ್ತದೆ.
• ಎಲ್.ಡಿ.ಎಲ್.: ಜೀವಕೋಶಗಳಿಗೆ ಕೊಲೆಸ್ಟ್ರಾಲ್ ತಲುಪಿಸುತ್ತದೆ. ಮಿತಿಮೀರಿದರೆ ಅಪಧಮನಿಯ ಗೋಡೆಯೊಳಗೆ ಸೇರುತ್ತದೆ.
• ಎಚ್.ಡಿ.ಎಲ್.: ಹೆಚ್ಚುವರಿ ಕೊಲೆಸ್ಟ್ರಾಲನ್ನು ಯಕೃತ್ತಿಗೆ ಮರಳಿಸಲು ನೆರವಾಗುತ್ತದೆ.

ಯಕೃತ್ತಿನ ಕೋಶಗಳ ಮೇಲಿರುವ ಗ್ರಾಹಕಗಳು ರಕ್ತದಲ್ಲಿರುವ ಎಲ್.ಡಿ.ಎಲ್. ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುತ್ತವೆ. ಈ ವ್ಯವಸ್ಥೆಯನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಸಂತೃಪ್ತ ಕೊಬ್ಬಿನ ಅತಿಸೇವನೆಯಿಂದ ಗ್ರಾಹಕಗಳ ಕಾರ್ಯ ಕುಗ್ಗಿ, ಎಲ್.ಡಿ.ಎಲ್. ರಕ್ತದಲ್ಲಿಯೇ ಉಳಿಯುತ್ತದೆ. ಕೆಲವರಲ್ಲಿ ಈ ದೋಷ ಅನುವಂಶಿಕ. ಅಂತಹವರಿಗೆ ಕಿರಿಯ ವಯಸ್ಸಿನಲ್ಲಿಯೇ ಹೃದಯಾಘಾತವಾಗಬಹುದು. ಅಪಧಮನಿಯ ಗೋಡೆಯಲ್ಲಿ ಸಂಗ್ರಹವಾದ ಕೊಬ್ಬಿನ ಗಂಟು ಒಡೆದಾಗ ಅಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯದ ಸ್ನಾಯುವಿಗೆ ರಕ್ತ ನಿಲ್ಲುತ್ತದೆ. ಇದೇ ಹೃದಯಾಘಾತ.

ವರದಿಯನ್ನು ಓದುವ ಕ್ರಮ

ವಯಸ್ಕರಲ್ಲಿ ಸಾಮಾನ್ಯವಾಗಿ ಅಪೇಕ್ಷಣೀಯವೆನಿಸುವ ಪ್ರಮಾಣಗಳು (ಪ್ರತಿ ಡೆಸಿಲೀಟರ್ ರಕ್ತಕ್ಕೆ ಮಿ.ಗ್ರಾಂ.ಗಳಲ್ಲಿ):

• ಒಟ್ಟು ಕೊಲೆಸ್ಟ್ರಾಲ್: 200ಕ್ಕಿಂತ ಕಡಿಮೆ
• ಎಲ್.ಡಿ.ಎಲ್.: 100ಕ್ಕಿಂತ ಕಡಿಮೆ; 160 ಮತ್ತು ಮೇಲ್ಪಟ್ಟು ಅಧಿಕ
• ಎಚ್.ಡಿ.ಎಲ್.: ಪುರುಷರಲ್ಲಿ 40, ಮಹಿಳೆಯರಲ್ಲಿ 50 ಅಥವಾ ಹೆಚ್ಚು
• ಟ್ರೈಗ್ಲಿಸರೈಡ್: 150ಕ್ಕಿಂತ ಕಡಿಮೆ

ಅನೇಕ ಪ್ರಯೋಗಾಲಯಗಳು ಎಲ್.ಡಿ.ಎಲ್. ಪ್ರಮಾಣವನ್ನು ಲೆಕ್ಕದಿಂದ ಪಡೆಯುತ್ತವೆ. ಉದಾಹರಣೆಗೆ ಒಟ್ಟು ಕೊಲೆಸ್ಟ್ರಾಲ್ 210, ಎಚ್.ಡಿ.ಎಲ್. 38, ಟ್ರೈಗ್ಲಿಸರೈಡ್ 180 ಇದ್ದರೆ, 210ರಿಂದ 38ನ್ನೂ ಟ್ರೈಗ್ಲಿಸರೈಡ್‌ನ ಐದನೆಯ ಒಂದು ಭಾಗವಾದ 36ನ್ನೂ ಕಳೆದಾಗ 136 ಉಳಿಯುತ್ತದೆ. ಟ್ರೈಗ್ಲಿಸರೈಡ್ 400 ಮೀರಿದಾಗ ಈ ಲೆಕ್ಕ ಅನ್ವಯಿಸುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಒಟ್ಟು ಕೊಲೆಸ್ಟ್ರಾಲ್ ಅಲ್ಪವೇ ಹೆಚ್ಚಿದ್ದರೂ ಉಳಿದ ಮೂರೂ ಅಂಶಗಳು ಮಿತಿಯಲ್ಲಿಲ್ಲ. ಎಚ್.ಡಿ.ಎಲ್. ಕಡಿಮೆ, ಟ್ರೈಗ್ಲಿಸರೈಡ್ ಹೆಚ್ಚು ಎಂಬ ಈ ಸ್ವರೂಪ ಭಾರತೀಯರಲ್ಲಿ ಸಾಮಾನ್ಯ. ಆದುದರಿಂದ ಒಂದೇ ಅಂಕಿಯನ್ನು ನೋಡಿ ಸಮಾಧಾನಪಡಬೇಡಿ. ಮಧುಮೇಹಿಗಳಿಗೂ ಹೃದ್ರೋಗಿಗಳಿಗೂ ಎಲ್.ಡಿ.ಎಲ್. ಗುರಿ ಇನ್ನೂ ಕೆಳಗಿರುತ್ತದೆ. ಅದನ್ನು ವೈದ್ಯರು ನಿರ್ಧರಿಸುತ್ತಾರೆ.

ಅಡುಗೆ ಎಣ್ಣೆಯ ಆಯ್ಕೆ ಮತ್ತು ಪ್ರಮಾಣ

ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಶೇ. 90ರಷ್ಟು, ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಸಂತೃಪ್ತ ಕೊಬ್ಬಿದೆ. ತುಪ್ಪದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಭಾಗ ಅದೇ. ಶೇಂಗಾ, ಎಳ್ಳು, ಸೂರ್ಯಕಾಂತಿ, ಕುಸುಬೆ ಎಣ್ಣೆಗಳಲ್ಲಿ ಅದರ ಪ್ರಮಾಣ ಐದನೆಯ ಒಂದು ಭಾಗವನ್ನು ಮೀರದು. ಇವುಗಳನ್ನು ಬದಲಿಸಿ ಬದಲಿಸಿ ಬಳಸುವುದು ಉತ್ತಮ. ಗಾಣದ ಎಣ್ಣೆಯಲ್ಲಿ ಸುವಾಸನೆ ಮತ್ತು ಕೆಲವು ಪೋಷಕಾಂಶಗಳು ಹೆಚ್ಚು ಉಳಿಯುತ್ತವೆ. ಆದರೆ ಕೊಬ್ಬಿನ ಪ್ರಮಾಣ ಕಡಿಮೆಯಾಗುವುದಿಲ್ಲ.

ವನಸ್ಪತಿ ಹಾಗೂ ಪದೇ ಪದೇ ಕಾಯಿಸಿದ ಎಣ್ಣೆಯನ್ನು ವರ್ಜಿಸಿ. ಟ್ರಾನ್ಸ್ ಕೊಬ್ಬು ಎಲ್.ಡಿ.ಎಲ್. ಏರಿಸಿ ಎಚ್.ಡಿ.ಎಲ್. ಇಳಿಸುತ್ತದೆ. ಈ ಕಾರಣ ನಮ್ಮ ದೇಶದಲ್ಲಿ 2022ರಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಕೈಗಾರಿಕಾ ಟ್ರಾನ್ಸ್ ಕೊಬ್ಬಿಗೆ ಶೇ. 2ರ ಮಿತಿ ವಿಧಿಸಲಾಗಿದೆ.

ದಿನಕ್ಕೆ ತಲಾ 25 ಗ್ರಾಂ.ನಂತೆ ನಾಲ್ಕು ವಯಸ್ಕರ ಕುಟುಂಬಕ್ಕೆ ತಿಂಗಳಿಗೆ 3 ಕಿ.ಗ್ರಾಂ., ಅಂದರೆ ಸುಮಾರು 3.3 ಲೀಟರ್ ಎಣ್ಣೆ ಸಾಕು. ತುಪ್ಪ, ಬೆಣ್ಣೆಯೂ ಈ ಲೆಕ್ಕದಲ್ಲಿಯೇ ಸೇರಬೇಕು. ತಿಂಗಳ ಮೊದಲ ದಿನ ಅಳೆದಿಟ್ಟು ಬಳಸಿದರೆ ನಿಮ್ಮ ಮನೆಯ ನಿಜವಾದ ಬಳಕೆ ತಿಳಿಯುತ್ತದೆ.

ನಮ್ಮ ಹೊಲದ ಆಹಾರಗಳು

ಕಾಳು, ಬೇಳೆ, ತರಕಾರಿ, ಪೇರಲೆಗಳಲ್ಲಿರುವ ಕರಗುವ ನಾರು ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದು ಹೊರಹಾಕುತ್ತದೆ. ಪಿತ್ತಾಮ್ಲವನ್ನು ಮರುತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟ್ರಾಲನ್ನು ಬಳಸಿಕೊಳ್ಳುವುದರಿಂದ ಎಲ್.ಡಿ.ಎಲ್. ಇಳಿಯುತ್ತದೆ. ಪಾಲಿಶ್ ಮಾಡಿದ ಅಕ್ಕಿಯ ಒಂದು ಭಾಗದ ಬದಲಿಗೆ ರಾಗಿ, ಜೋಳ, ನವಣೆ ಬಳಸಿ. ಅಗಸೆ ಬೀಜದ ಎಣ್ಣೆಯಲ್ಲಿ ಸುಮಾರು ಅರ್ಧಭಾಗ ಒಮೆಗಾ-3 ಕೊಬ್ಬಿನಾಮ್ಲವಿದೆ. ಇಡಿಯಾಗಿ ನುಂಗಿದ ಬೀಜ ಸರಿಯಾಗಿ ಜೀರ್ಣವಾಗದ ಕಾರಣ ಹುರಿದು ಚಟ್ನಿಪುಡಿ ಮಾಡಿ, ಉಪ್ಪನ್ನು ಮಿತವಾಗಿ ಬೆರೆಸಿ ಸೇವಿಸಿ. ಸಕ್ಕರೆ, ಮೈದಾ ಮತ್ತು ಮದ್ಯ ಟ್ರೈಗ್ಲಿಸರೈಡನ್ನು ಏರಿಸುತ್ತವೆ. ಬೀಡಿ, ಸಿಗರೇಟು ಎಚ್.ಡಿ.ಎಲ್. ಕುಗ್ಗಿಸುತ್ತವೆ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರಿ.

ಗಮನಿಸಬೇಕಾದ ಅಂಶಗಳು

ವೈದ್ಯರು ಸೂಚಿಸಿದ ಸ್ಟ್ಯಾಟಿನ್ ಮಾತ್ರೆಯನ್ನು ವರದಿ ಸರಿಹೋಯಿತೆಂದು ಸ್ವತಃ ನಿಲ್ಲಿಸಬೇಡಿ. ವರದಿ ಸರಿಹೋಗಿರುವುದರಲ್ಲಿ ಆ ಮಾತ್ರೆಯ ಪಾಲೂ ಇರುತ್ತದೆ. ಎದೆಯಲ್ಲಿ ಒತ್ತಿದಂತಹ ನೋವು, ತೋಳು ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಕಂಡರೆ ‘ಗ್ಯಾಸ್ಟ್ರಿಕ್’ ಎಂದು ಕಾಲಹರಣ ಮಾಡದೆ 108ಕ್ಕೆ ಕರೆಮಾಡಿ. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಆಯ್ದ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಇಸಿಜಿ ಪರೀಕ್ಷೆ ಮತ್ತು ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಉಚಿತವಾಗಿ ಲಭ್ಯ. ನಿಮಗೆ ಸಮೀಪದ ಕೇಂದ್ರ ಯಾವುದೆಂದು ಇಂದೇ ವಿಚಾರಿಸಿ, ಮನೆಯವರೆಲ್ಲರಿಗೂ ತಿಳಿಸಿಡಿ.