ಕಂಪನಿ ಹಣ ಮತ್ತು ಭಾರತದ ಪ್ರಜಾಪ್ರಭುತ್ವ: ಏಳು ದಶಕಗಳ ಸಮೀಕ್ಷೆ

ಭಾರತದ ರಾಜಕಾರಣಕ್ಕೂ ಉದ್ಯಮಿಗಳ ಹಣಕ್ಕೂ ಇರುವ ನಂಟು ಗಣರಾಜ್ಯಕ್ಕಿಂತ ಹಳೆಯದು. ಜಿ.ಡಿ. ಬಿರ್ಲಾ ಮುಂತಾದ ಉದ್ಯಮಿಗಳು ಸ್ವಾತಂತ್ರ್ಯ ಚಳವಳಿಗೆ ಹಣ ಒದಗಿಸಿದ್ದರು. ಬಿರ್ಲಾ ಮತ್ತು ಪುರುಷೋತ್ತಮದಾಸ್ ಠಾಕೂರದಾಸ್ ಮುಂದಾಳತ್ವದಲ್ಲಿ 1927ರಲ್ಲಿ ಸ್ಥಾಪನೆಯಾದ ಫಿಕ್ಕಿ ದೇಶೀಯ ಉದ್ಯಮದ ಬೇಡಿಕೆಗಳನ್ನು ಬ್ರಿಟಿಷ್ ಸರ್ಕಾರದ ಮುಂದಿಡುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಇಂಥ ಕೆಲಸ ಅದಕ್ಕೂ ಮೊದಲೇ ಆರಂಭವಾಗಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು 1916ರಲ್ಲಿ ಹುಟ್ಟುಹಾಕಿದ ವಾಣಿಜ್ಯ ಸಂಸ್ಥೆಯೇ ಇಂದಿನ ಎಫ್‌ಕೆಸಿಸಿಐ. ಉದ್ಯಮಿಗಳು ಸಂಘಟಿತರಾಗಿ, ಬಹಿರಂಗವಾಗಿ ಸರ್ಕಾರದ ಮುಂದೆ ತಮ್ಮ ಅಹವಾಲು ಇಡುವುದರಲ್ಲಿ ತಪ್ಪೇನಿಲ್ಲ. ರೈತರು ಮತ್ತು ಕಾರ್ಮಿಕರಿಗೆ ಇರುವ ಹಕ್ಕೇ ಅವರಿಗೂ ಇದೆ. ಹಣ ತೆರೆಮರೆಯಲ್ಲಿ ಕೈ ಬದಲಾಯಿಸಿದಾಗ, ಅದರ ಪ್ರತಿಫಲವಾಗಿ ನೀತಿ, ಪರವಾನಗಿ ಅಥವಾ ಗುತ್ತಿಗೆ ದೊರೆತಾಗ ಸಮಸ್ಯೆ ಹುಟ್ಟುತ್ತದೆ. ಈ ವ್ಯವಹಾರವನ್ನು ಕಾನೂನಿನ ಚೌಕಟ್ಟಿಗೆ ತರಲು ನಡೆದ ಯತ್ನಗಳೂ ಅವುಗಳ ಸೋಲುಗಳೂ ಸ್ವತಂತ್ರ ಭಾರತದ ಇತಿಹಾಸದುದ್ದಕ್ಕೂ ಕಾಣುತ್ತವೆ.

ಮೊದಲ ದಶಕದ ಎಚ್ಚರಿಕೆಗಳು

ಮೊದಲ ಮಹಾಚುನಾವಣೆಗೂ ಮುನ್ನವೇ ತಾತ್ಕಾಲಿಕ ಸಂಸತ್ತು ಇಂಥ ಪ್ರಕರಣವೊಂದನ್ನು ಎದುರಿಸಿತು. ಸದಸ್ಯ ಎಚ್.ಜಿ. ಮುದ್ಗಲ್ ಬಾಂಬೆ ಬುಲಿಯನ್ ಅಸೋಸಿಯೇಷನ್‌ನಿಂದ ಹಣ ಪಡೆದು ಅದರ ಪರವಾಗಿ ಸದನದಲ್ಲಿ ಕೆಲಸ ಮಾಡಿದರೆಂಬ ಆರೋಪ 1951ರಲ್ಲಿ ಬಂತು. ಟಿ.ಟಿ. ಕೃಷ್ಣಮಾಚಾರಿ ಅಧ್ಯಕ್ಷತೆಯ ಸಮಿತಿ ವಿಚಾರಣೆ ನಡೆಸಿ, ಅವರ ನಡತೆ ಸದನದ ಘನತೆಗೆ ತಕ್ಕುದಲ್ಲ ಎಂದು ವರದಿ ಮಾಡಿತು. ಉಚ್ಚಾಟನೆಯ ನಿರ್ಣಯವನ್ನು ಸ್ವತಃ ನೆಹರೂ ಮಂಡಿಸಿದರು. ಅದು ಅಂಗೀಕಾರವಾಗುವ ಮೊದಲೇ ಮುದ್ಗಲ್ ರಾಜೀನಾಮೆ ಕೊಟ್ಟರು. ಹಣಕ್ಕಾಗಿ ಸದನದಲ್ಲಿ ದನಿ ಎತ್ತುವುದು ಸಲ್ಲದು ಎಂಬ ಮೇಲ್ಪಂಕ್ತಿ ಹೀಗೆ ಸಂಸತ್ತಿನ ಆರಂಭದ ವರ್ಷಗಳಲ್ಲೇ ನಿಂತಿತು. ಇದೇ ಬಗೆಯ ತಪ್ಪಿಗಾಗಿ 2005ರ ಡಿಸೆಂಬರ್‌ನಲ್ಲಿ 11 ಸಂಸದರು ಉಚ್ಚಾಟಿತರಾದರು.

ಕಂಪನಿಗಳ ದೇಣಿಗೆಯ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದ್ದು 1957ರಲ್ಲಿ. 1956ರ ಕಂಪನಿ ಕಾಯಿದೆ ರಾಜಕೀಯ ದೇಣಿಗೆಯ ಬಗ್ಗೆ ಏನನ್ನೂ ಹೇಳಿರಲಿಲ್ಲ. ರಾಜಕೀಯ ಪಕ್ಷಗಳಿಗೆ ಹಣ ಕೊಡಲು ಅವಕಾಶವಾಗುವಂತೆ ಟಾಟಾ ಐರನ್ ಅಂಡ್ ಸ್ಟೀಲ್ ಕಂಪನಿ ತನ್ನ ಸ್ಥಾಪನಾ ಪತ್ರವನ್ನು ತಿದ್ದಲು ಹೊರಟಾಗ ಷೇರುದಾರರೊಬ್ಬರು ಅದನ್ನು ಪ್ರಶ್ನಿಸಿದರು. ಕಾನೂನಿನಲ್ಲಿ ತಡೆ ಇಲ್ಲದ ಕಾರಣ ಬಾಂಬೆ ಹೈಕೋರ್ಟ್ ಕಂಪನಿಗೆ ಅನುಮತಿ ಕೊಟ್ಟಿತು. ಆದರೆ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ, ಈ ಪದ್ಧತಿ ಬೆಳೆಯುತ್ತ ಹೋದರೆ ದೇಶದ ಪ್ರಜಾಪ್ರಭುತ್ವದ ಕತ್ತು ಹಿಸುಕಬಹುದೆಂದು ಎಚ್ಚರಿಸಿ, ಸಂಸತ್ತು ಇದರತ್ತ ಗಮನ ಹರಿಸಬೇಕೆಂದರು. ಕಲ್ಕತ್ತಾ ಹೈಕೋರ್ಟ್ ಕೂಡ ಅದೇ ವರ್ಷ ಮತ್ತೊಂದು ಉಕ್ಕು ಕಂಪನಿಯ ಪ್ರಕರಣದಲ್ಲಿ ಇದೇ ಆತಂಕ ವ್ಯಕ್ತಪಡಿಸಿತು.

ಮರುವರ್ಷವೇ ಛಾಗ್ಲಾ ಇನ್ನೊಂದು ವಿಚಾರಣೆಯ ಹೊಣೆ ಹೊತ್ತರು. ಉದ್ಯಮಿ ಹರಿದಾಸ್ ಮುಂದ್ರಾ ಅವರ ಕಂಪನಿಗಳಲ್ಲಿ ಜೀವ ವಿಮಾ ನಿಗಮ ಸುಮಾರು 1.24 ಕೋಟಿ ರೂಪಾಯಿ ತೊಡಗಿಸಿದ್ದನ್ನು ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಬಯಲಿಗೆಳೆದಿದ್ದರು. ಛಾಗ್ಲಾ ಆಯೋಗದ ವರದಿಯ ನಂತರ ಹಣಕಾಸು ಸಚಿವರು 1958ರ ಫೆಬ್ರುವರಿಯಲ್ಲಿ ರಾಜೀನಾಮೆ ನೀಡಿದರು. ಆ ಸಚಿವರು ಮುದ್ಗಲ್ ಪ್ರಕರಣದ ಸಮಿತಿಗೆ ಅಧ್ಯಕ್ಷರಾಗಿದ್ದ ಕೃಷ್ಣಮಾಚಾರಿಯವರೇ.

ಸರ್ಕಾರ 1960ರಲ್ಲಿ ಕಂಪನಿ ಕಾಯಿದೆಗೆ 293ಎ ಕಲಂ ಸೇರಿಸಿತು. 25,000 ರೂಪಾಯಿ ಅಥವಾ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 5, ಇವೆರಡರಲ್ಲಿ ಯಾವುದು ಹೆಚ್ಚೋ ಅದು ವಾರ್ಷಿಕ ದೇಣಿಗೆಯ ಮಿತಿಯಾಯಿತು. ಕೊಟ್ಟ ಮೊತ್ತವನ್ನು ಲಾಭ-ನಷ್ಟದ ಲೆಕ್ಕದಲ್ಲಿ ತೋರಿಸುವುದು ಕಡ್ಡಾಯವಾಯಿತು. ಮಿತಿ ಮತ್ತು ಬಹಿರಂಗ ಲೆಕ್ಕ ಎಂಬ ಎರಡು ತತ್ತ್ವಗಳು ಭಾರತದ ಕಾನೂನಿಗೆ ಬಂದದ್ದು ಹೀಗೆ. ಮುಂದಿನ ಎಲ್ಲ ತಿದ್ದುಪಡಿಗಳೂ ಇವೆರಡನ್ನೇ ಬಿಗಿಗೊಳಿಸುತ್ತ, ಇಲ್ಲವೇ ಸಡಿಲಿಸುತ್ತ ಸಾಗಿದವು.

ನಿಷೇಧದ ಕಾಲ

ಪರವಾನಗಿ ಪದ್ಧತಿಯಲ್ಲಿ ಉದ್ಯಮದ ಅಳಿವು-ಉಳಿವು ದೆಹಲಿಯ ಕಚೇರಿಗಳಲ್ಲಿ ನಿರ್ಧಾರವಾಗುತ್ತಿತ್ತು. 1951ರ ಕೈಗಾರಿಕೆಗಳ ಕಾಯಿದೆಯ ಪ್ರಕಾರ ಹೊಸ ಕಾರ್ಖಾನೆಗೂ ಉತ್ಪಾದನೆಯ ಹೆಚ್ಚಳಕ್ಕೂ ಸರ್ಕಾರದ ಒಪ್ಪಿಗೆ ಬೇಕಿತ್ತು. ದೊಡ್ಡ ಉದ್ಯಮ ಮನೆತನಗಳು ದೆಹಲಿಯಲ್ಲಿ ತಮ್ಮ ಪ್ರತಿನಿಧಿಗಳನ್ನು ಕಾಯಂ ಇರಿಸಿಕೊಂಡವು. ಏಕಸ್ವಾಮ್ಯವನ್ನು ತಡೆಯುವ ಉದ್ದೇಶದ ಪರವಾನಗಿಗಳು ದೊಡ್ಡ ಮನೆತನಗಳಿಗೇ ಹೆಚ್ಚಾಗಿ ದಕ್ಕಿದವೆಂದು 1967ರ ಹಜಾರಿ ವರದಿ ಮತ್ತು 1969ರ ದತ್ತ್ ಸಮಿತಿಯ ವರದಿ ತೋರಿಸಿಕೊಟ್ಟವು.

ಇತ್ತ ಭ್ರಷ್ಟಾಚಾರ ತಡೆಗಾಗಿ ನೇಮಕವಾದ ಸಂತಾನಂ ಸಮಿತಿ 1964ರಲ್ಲಿ ಕಂಪನಿ ದೇಣಿಗೆಯನ್ನು ಪೂರ್ತಿ ನಿಲ್ಲಿಸಲು ಶಿಫಾರಸು ಮಾಡಿತು. ರಾಜಕೀಯ ಲೆಕ್ಕಾಚಾರಗಳೂ ಬದಲಾಗುತ್ತಿದ್ದವು. 1959ರಲ್ಲಿ ರಾಜಾಜಿ ಕಟ್ಟಿದ ಸ್ವತಂತ್ರ ಪಕ್ಷಕ್ಕೂ ಉದ್ಯಮಿಗಳ ಬೆಂಬಲ ಸಿಗತೊಡಗಿತ್ತು. ಕಾಂಗ್ರೆಸ್ಸಿನ ಜೊತೆಗೆ ಈ ಪಕ್ಷಕ್ಕೂ ಹಣ ಕೊಡುವುದಾಗಿ ಜೆ.ಆರ್.ಡಿ. ಟಾಟಾ ನೆಹರೂ ಅವರಿಗೆ ನೇರವಾಗಿ ತಿಳಿಸಿದ್ದರು. 1967ರ ಚುನಾವಣೆಯಲ್ಲಿ 44 ಸ್ಥಾನ ಗೆದ್ದ ಸ್ವತಂತ್ರ ಪಕ್ಷ ಲೋಕಸಭೆಯ ಅತಿ ದೊಡ್ಡ ವಿರೋಧ ಪಕ್ಷವಾಯಿತು. ಇಂದಿರಾ ಗಾಂಧಿ ಸರ್ಕಾರ 1969ರಲ್ಲಿ ಕಂಪನಿ ದೇಣಿಗೆಯನ್ನು ನಿಷೇಧಿಸಿತು.

ನಿಷೇಧದಿಂದ ಹಣದ ಹರಿವು ನಿಲ್ಲಲಿಲ್ಲ, ಲೆಕ್ಕಪುಸ್ತಕದಿಂದ ಹೊರಗೆ ಹೋಯಿತು. ಚುನಾವಣೆಯ ಖರ್ಚಿಗೆ ಸರ್ಕಾರ ಬೇರೆ ದಾರಿ ತೋರಿಸಿರಲಿಲ್ಲ. ಚೆಕ್ಕಿನ ಜಾಗಕ್ಕೆ ಕಪ್ಪುಹಣ ತುಂಬಿದ ಸೂಟ್‌ಕೇಸ್ ಬಂತು. ಪಕ್ಷಗಳು ಸ್ಮರಣ ಸಂಚಿಕೆಗಳನ್ನು ತಂದು ಅವುಗಳಲ್ಲಿ ಕಂಪನಿಗಳ ಜಾಹೀರಾತಿಗೆ ದುಬಾರಿ ದರ ಪಡೆಯುವುದು ಒಂದು ಪದ್ಧತಿಯೇ ಆಯಿತು.

ಇದೇ ಕಾಲದಲ್ಲಿ ಖರ್ಚಿನ ಮೇಲಿನ ಹಿಡಿತವೂ ತಪ್ಪಿತು. ಪಕ್ಷ ಮಾಡಿದ ಖರ್ಚನ್ನೂ ಅಭ್ಯರ್ಥಿಯ ಖರ್ಚಿನಲ್ಲಿ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 1974ರಲ್ಲಿ ಕನ್ವರ್ ಲಾಲ್ ಗುಪ್ತಾ ಪ್ರಕರಣದಲ್ಲಿ ಹೇಳಿತು. ಸರ್ಕಾರ ಅದೇ ವರ್ಷ ಸುಗ್ರೀವಾಜ್ಞೆ ತಂದು ಆ ತೀರ್ಪನ್ನು ನಿಷ್ಫಲಗೊಳಿಸಿತು. ಅಭ್ಯರ್ಥಿಗೆ ಮಿತಿ ಇದ್ದು ಪಕ್ಷಕ್ಕೆ ಇಲ್ಲದ ಸ್ಥಿತಿ ಅಲ್ಲಿಂದ ಇಂದಿನವರೆಗೂ ಮುಂದುವರಿದಿದೆ. ಈಗ ದೊಡ್ಡ ರಾಜ್ಯಗಳಲ್ಲಿ ಲೋಕಸಭಾ ಅಭ್ಯರ್ಥಿಯ ಮಿತಿ 95 ಲಕ್ಷ ರೂಪಾಯಿ, ವಿಧಾನಸಭಾ ಅಭ್ಯರ್ಥಿಯದು 40 ಲಕ್ಷ. ಪಕ್ಷ ಎಷ್ಟು ಬೇಕಾದರೂ ಖರ್ಚು ಮಾಡಬಹುದು. ಇಂಥ ಖರ್ಚಿಗೆ ಬೇಕಾಗುವ ಹಣವನ್ನು ಸದಸ್ಯತ್ವ ಶುಲ್ಕದಿಂದಲೋ ಸಣ್ಣ ವಂತಿಗೆಯಿಂದಲೋ ಹೊಂದಿಸಲಾಗದು. ಪಕ್ಷಗಳು ದೊಡ್ಡ ಬಂಡವಾಳದ ಬಾಗಿಲಿಗೆ ಮತ್ತೆ ಮತ್ತೆ ಹೋಗುವುದಕ್ಕೆ ಇದು ಮುಖ್ಯ ಕಾರಣ.

ಮರಳಿ ಬಂದ ಅನುಮತಿ

ರಾಜೀವ್ ಗಾಂಧಿ ಸರ್ಕಾರ 1985ರಲ್ಲಿ ನಿಷೇಧ ತೆಗೆಯಿತು. ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 5ರ ಮಿತಿ, ನಿರ್ದೇಶಕ ಮಂಡಳಿಯ ನಿರ್ಣಯ ಮತ್ತು ಲೆಕ್ಕದಲ್ಲಿ ನಮೂದು ಎಂಬ ಷರತ್ತುಗಳು ಬಂದವು. ಸ್ಮರಣ ಸಂಚಿಕೆಯ ಜಾಹೀರಾತನ್ನೂ ದೇಣಿಗೆಯ ಲೆಕ್ಕಕ್ಕೆ ಸೇರಿಸಲಾಯಿತು. ಹದಿನಾರು ವರ್ಷ ಬೇರೂರಿದ್ದ ನಗದು ವ್ಯವಹಾರ ಮಾತ್ರ ಹೋಗಲಿಲ್ಲ. ಬಹಿರಂಗವಾಗಿ ಒಂದು ಪಕ್ಷಕ್ಕೆ ಕೊಟ್ಟರೆ ಇನ್ನೊಂದು ಪಕ್ಷ ಅಧಿಕಾರಕ್ಕೆ ಬಂದಾಗ ತೊಂದರೆಯಾದೀತೆಂಬ ಭಯ ಉದ್ಯಮಿಗಳಿಗಿತ್ತು.

ಚುನಾವಣಾ ಸುಧಾರಣೆ ಕುರಿತ ಗೋಸ್ವಾಮಿ ಸಮಿತಿ 1990ರಲ್ಲಿ, ಇಂದ್ರಜಿತ್ ಗುಪ್ತಾ ಸಮಿತಿ 1998ರಲ್ಲಿ ಸರ್ಕಾರವೇ ಚುನಾವಣಾ ವೆಚ್ಚದ ಒಂದು ಭಾಗವನ್ನು ವಸ್ತುರೂಪದಲ್ಲಿ ಭರಿಸಬೇಕೆಂದವು. ಆ ಶಿಫಾರಸುಗಳು ಜಾರಿಯಾಗಲಿಲ್ಲ. 1979ರಿಂದ ಆದಾಯ ತೆರಿಗೆ ವಿನಾಯಿತಿ ಪಡೆಯುತ್ತಿದ್ದ ಪಕ್ಷಗಳು ತೆರಿಗೆ ವಿವರ ಸಲ್ಲಿಸುವ ಗೋಜಿಗೇ ಹೋಗುತ್ತಿರಲಿಲ್ಲ. ‘ಕಾಮನ್ ಕಾಸ್’ ಸಂಸ್ಥೆಯ ಅರ್ಜಿಯ ಮೇಲೆ 1996ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಪ್ರಶ್ನಿಸಿತು. 2003ರ ತಿದ್ದುಪಡಿ 20,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಗಳ ವಿವರವನ್ನು ಚುನಾವಣಾ ಆಯೋಗಕ್ಕೆ ಕೊಡುವುದನ್ನು ವಿಧಿಸಿ, ಕಂಪನಿಗಳ ದೇಣಿಗೆಗೆ ತೆರಿಗೆ ವಿನಾಯಿತಿ ನೀಡಿತು. ಪಕ್ಷಗಳು ಆದಾಯದ ದೊಡ್ಡ ಪಾಲನ್ನು ಈ ಮೊತ್ತಕ್ಕಿಂತ ಕಡಿಮೆಯ ಅನಾಮಧೇಯ ದೇಣಿಗೆಗಳೆಂದು ತೋರಿಸಿ ನುಣುಚಿಕೊಂಡವು. ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕು ಕಾಯಿದೆಗೆ ಒಳಪಡುತ್ತವೆಂದು ಕೇಂದ್ರ ಮಾಹಿತಿ ಆಯೋಗ 2013ರಲ್ಲಿ ಹೇಳಿದಾಗ, ಪಕ್ಷಗಳು ಆ ಆದೇಶವನ್ನು ಪಾಲಿಸಲಿಲ್ಲ. ಅದೇ ವರ್ಷದ ಹೊಸ ಕಂಪನಿ ಕಾಯಿದೆ ದೇಣಿಗೆಯ ಮಿತಿಯನ್ನು ಶೇ 7.5ಕ್ಕೆ ಏರಿಸಿತು.

ಲಾಬಿಯ ಹೊಸ ರೂಪಗಳು

1991ರ ಉದಾರೀಕರಣದ ನಂತರ ಪರವಾನಗಿಯ ಮಹತ್ವ ಕುಗ್ಗಿತು. ತರಂಗಾಂತರ, ಗಣಿ, ಭೂಮಿ, ಹೆದ್ದಾರಿ ಮತ್ತು ಬಂದರುಗಳ ಹಂಚಿಕೆಯಲ್ಲಿ ಸರ್ಕಾರದ ಕೈಯೇ ಮೇಲಾಗಿ ಉಳಿದದ್ದರಿಂದ ಲಾಬಿ ಆ ಕ್ಷೇತ್ರಗಳಿಗೆ ಹೊರಳಿತು. 2010ರಲ್ಲಿ ಹೊರಬಂದ, ಲಾಬಿಗಾರ್ತಿ ನೀರಾ ರಾಡಿಯಾ ಅವರ ಫೋನ್ ಮಾತುಕತೆಯ ಟೇಪುಗಳು ಉದ್ಯಮಗಳ ಪ್ರತಿನಿಧಿಗಳು, ರಾಜಕಾರಣಿಗಳು ಮತ್ತು ಪತ್ರಕರ್ತರ ನಡುವಿನ ಸಂಭಾಷಣೆಗಳನ್ನು ಜನರ ಕಿವಿಗೆ ಮುಟ್ಟಿಸಿದವು. ಸುಪ್ರೀಂ ಕೋರ್ಟ್ 2012ರ ಫೆಬ್ರುವರಿಯಲ್ಲಿ 122 ಟೂಜಿ ತರಂಗಾಂತರ ಪರವಾನಗಿಗಳನ್ನು ರದ್ದುಪಡಿಸಿತು. ಆ ಹಂಚಿಕೆಯ ಕುರಿತ ಕ್ರಿಮಿನಲ್ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ 2017ರಲ್ಲಿ ಎಲ್ಲ ಆರೋಪಿಗಳನ್ನು ಖುಲಾಸೆ ಮಾಡಿತು.

ಉದ್ಯಮಿಗಳೇ ಅಧಿಕಾರದ ಕುರ್ಚಿ ಹಿಡಿಯುವುದು ಮತ್ತೊಂದು ರೂಪ. ಇದಕ್ಕೆ ಕರ್ನಾಟಕ ಸ್ಪಷ್ಟ ನಿದರ್ಶನ. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಬಳ್ಳಾರಿಯ ಗಣಿ ಹಣ ರಾಜ್ಯದ ರಾಜಕಾರಣವನ್ನು ಆಳಿತು; 2008ರಲ್ಲಿ ಗಣಿ ಉದ್ಯಮಿಗಳು ಸಚಿವರಾದರು. ಲೋಕಾಯುಕ್ತ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಕೊಟ್ಟ ವರದಿ ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಅಂದಾಜಿಸಿತು. ಮುಖ್ಯಮಂತ್ರಿಯ ಕುಟುಂಬದ ಟ್ರಸ್ಟ್‌ಗೆ ಗಣಿ ಕಂಪನಿಯೊಂದು ನೀಡಿದ ದೇಣಿಗೆಯನ್ನೂ ಅದು ಎತ್ತಿ ತೋರಿಸಿತು. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ನೀಡಿದರು. ದೇಣಿಗೆಯ ಪ್ರಕರಣದಲ್ಲಿ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು.

ಅಮೆರಿಕ 1995ರ ಕಾಯಿದೆಯ ಮೂಲಕ, ಕೆನಡಾ 1989ರಿಂದ, ಲಾಬಿ ಮಾಡುವವರು ಹೆಸರು ನೋಂದಾಯಿಸುವುದನ್ನು ಕಡ್ಡಾಯಗೊಳಿಸಿವೆ. ಭಾರತದ ಮಾರುಕಟ್ಟೆ ಪ್ರವೇಶವೂ ಸೇರಿದಂತೆ ಹಲವು ವಿಷಯಗಳ ಲಾಬಿಗೆ ವಾಲ್‌ಮಾರ್ಟ್ ಸುಮಾರು 2.5 ಕೋಟಿ ಡಾಲರ್ ಖರ್ಚು ಮಾಡಿದೆ ಎಂಬುದು 2012ರಲ್ಲಿ ಭಾರತೀಯರಿಗೆ ತಿಳಿದದ್ದು ಆ ಅಮೆರಿಕನ್ ಕಾಯಿದೆಯಿಂದ. ಸಂಸತ್ತಿನಲ್ಲಿ ಗದ್ದಲವಾಗಿ ವಿಚಾರಣಾ ಸಮಿತಿ ನೇಮಕವಾಯಿತು. ಭಾರತದಲ್ಲಿ ಲಾಬಿಯನ್ನು ನಿಯಂತ್ರಿಸುವ ಕಾಯಿದೆ ಬರಲಿಲ್ಲ.

ಚುನಾವಣಾ ಬಾಂಡ್

2017ರ ಹಣಕಾಸು ಕಾಯಿದೆ 1960ರ ಎರಡೂ ತತ್ತ್ವಗಳನ್ನು ಒಟ್ಟಿಗೆ ಕಿತ್ತುಹಾಕಿತು. ಶೇ 7.5ರ ಮಿತಿ ಹೋಯಿತು; ಯಾವ ಪಕ್ಷಕ್ಕೆ ಕೊಟ್ಟಿದ್ದೇವೆಂದು ಕಂಪನಿ ಹೇಳಬೇಕಾದ ನಿಯಮವೂ ಹೋಯಿತು. ಅನಾಮಧೇಯ ನಗದು ದೇಣಿಗೆಯ ಮಿತಿಯನ್ನು 2,000 ರೂಪಾಯಿಗೆ ಇಳಿಸಿದ ಸರ್ಕಾರ, ಬ್ಯಾಂಕಿನ ಮೂಲಕ ಬರುವ ಹಣ ಶುದ್ಧವಾದದ್ದೆಂದು ವಾದಿಸಿತು. ರಿಸರ್ವ್ ಬ್ಯಾಂಕ್ ಮತ್ತು ಚುನಾವಣಾ ಆಯೋಗ ಆಕ್ಷೇಪಿಸಿದ್ದವು. ಹಣ ಮಸೂದೆಯ ರೂಪದಲ್ಲಿ ಬಂದದ್ದರಿಂದ ರಾಜ್ಯಸಭೆಗೆ ಅದನ್ನು ತಡೆಯುವ ಅಧಿಕಾರವಿರಲಿಲ್ಲ. 2018ರಿಂದ ಭಾರತೀಯ ಸ್ಟೇಟ್ ಬ್ಯಾಂಕ್ 1,000 ರೂಪಾಯಿಯಿಂದ 1 ಕೋಟಿಯವರೆಗಿನ, ಕೊಂಡವರ ಹೆಸರು ಬಹಿರಂಗವಾಗದಂತೆ ಪಕ್ಷಗಳಿಗೆ ಕೊಡಬಹುದಾದ ಬಾಂಡ್‌ಗಳನ್ನು ಮಾರಿತು. ಮಾರಾಟವಾದ ಮೌಲ್ಯದಲ್ಲಿ ಶೇ 90ಕ್ಕೂ ಹೆಚ್ಚು ಕೋಟಿ ರೂಪಾಯಿಯ ಬಾಂಡ್‌ಗಳೇ. ಮತದಾರನಿಗೆ ಕಾಣದ ವಿವರ ಸರ್ಕಾರಿ ಬ್ಯಾಂಕಿನ ಬಳಿ ಇತ್ತು. ಅದು ಆಳುವವರಿಗೆ ತಿಳಿಯಬಹುದೆಂಬ ಶಂಕೆ ಮೊದಲಿನಿಂದಲೂ ಇತ್ತು.

ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್), ಕಾಮನ್ ಕಾಸ್ ಮತ್ತು ಸಿಪಿಐ(ಎಂ) ಹೂಡಿದ ಮೊಕದ್ದಮೆಯಲ್ಲಿ 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಈ ಯೋಜನೆಯನ್ನು ಅಸಾಂವಿಧಾನಿಕ ಎಂದು ಸಾರಿತು. ಪಕ್ಷಗಳಿಗೆ ಹಣ ಎಲ್ಲಿಂದ ಬರುತ್ತದೆಂದು ತಿಳಿಯುವುದು ಮತದಾರನ ಮೂಲಭೂತ ಹಕ್ಕು ಎಂದಿತು. ವ್ಯಕ್ತಿಯ ವಂತಿಗೆ ಅವನ ಒಲವನ್ನು ತೋರಿಸಬಹುದು, ಕಂಪನಿಯ ದೇಣಿಗೆಯಾದರೋ ಪ್ರತಿಫಲ ಬಯಸುವ ವ್ಯವಹಾರ ಎಂದು ಹೇಳಿ, ದೇಣಿಗೆಯ ಮಿತಿ ತೆಗೆದ ತಿದ್ದುಪಡಿಯನ್ನೂ ರದ್ದುಪಡಿಸಿತು.

ಬ್ಯಾಂಕ್ ಜೂನ್ 30ರವರೆಗೆ ಕಾಲಾವಕಾಶ ಕೇಳಿತು. ನ್ಯಾಯಾಲಯ ನಿರಾಕರಿಸಿದ್ದರಿಂದ ಮಾರ್ಚ್‌ನಲ್ಲೇ ವಿವರ ಹೊರಬಂತು. ಒಟ್ಟು ಸುಮಾರು 16,518 ಕೋಟಿ ರೂಪಾಯಿಯ ಬಾಂಡ್‌ಗಳು ಮಾರಾಟವಾಗಿದ್ದವು. 2019ರ ಏಪ್ರಿಲ್‌ನಿಂದ ಪ್ರಕಟವಾದ ಲೆಕ್ಕದಲ್ಲಿ ಬಿಜೆಪಿಗೆ ಸುಮಾರು 6,060 ಕೋಟಿ, ತೃಣಮೂಲ ಕಾಂಗ್ರೆಸ್‌ಗೆ 1,609 ಕೋಟಿ, ಕಾಂಗ್ರೆಸ್‌ಗೆ 1,421 ಕೋಟಿ, ಬಿಆರ್‌ಎಸ್‌ಗೆ 1,214 ಕೋಟಿ ರೂಪಾಯಿ ಸಂದಿತ್ತು. ಅತಿ ಹೆಚ್ಚು, 1,368 ಕೋಟಿಯ ಬಾಂಡ್ ಖರೀದಿಸಿದ್ದು ಲಾಟರಿ ಉದ್ಯಮದ ಫ್ಯೂಚರ್ ಗೇಮಿಂಗ್. ನಂತರದ ಸ್ಥಾನ ಮೂಲಸೌಕರ್ಯ ಕಾಮಗಾರಿಗಳ ಮೇಘಾ ಎಂಜಿನಿಯರಿಂಗ್‌ನದು. ಖರೀದಿದಾರರಲ್ಲಿ ತನಿಖಾ ಸಂಸ್ಥೆಗಳ ದಾಳಿ ಎದುರಿಸಿದ್ದ ಕಂಪನಿಗಳೂ ಸರ್ಕಾರಿ ಗುತ್ತಿಗೆ ಪಡೆದ ಕಂಪನಿಗಳೂ ಇದ್ದವು. ವಿಶೇಷ ತನಿಖಾ ತಂಡ ರಚಿಸಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ತಳ್ಳಿಹಾಕಿದ್ದರಿಂದ ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಇರಬಹುದಾದ ಸಂಬಂಧ ಪರೀಕ್ಷೆಗೆ ಒಳಗಾಗದೆ ಉಳಿಯಿತು.

ಇಂದಿನ ಸ್ಥಿತಿ

ತೀರ್ಪಿನ ನಂತರ ಶೇ 7.5ರ ಮಿತಿ ಮತ್ತೆ ಜಾರಿಗೆ ಬಂದಿದೆ. ಕಂಪನಿಗಳು ನೇರ ದೇಣಿಗೆಯ ಜೊತೆಗೆ ಚುನಾವಣಾ ಟ್ರಸ್ಟ್‌ಗಳನ್ನು ಬಳಸುತ್ತಿವೆ. ಟ್ರಸ್ಟ್‌ಗೆ ಕೊಟ್ಟವರ ಹೆಸರೂ ಟ್ರಸ್ಟ್‌ನಿಂದ ಪಡೆದ ಪಕ್ಷಗಳ ಹೆಸರೂ ಚುನಾವಣಾ ಆಯೋಗಕ್ಕೆ ಸಲ್ಲುತ್ತವೆ. ಹಲವು ಕಂಪನಿಗಳ ಹಣ ಒಂದೇ ಟ್ರಸ್ಟ್‌ನಲ್ಲಿ ಬೆರೆತಾಗ ಯಾರ ಹಣ ಯಾವ ಪಕ್ಷಕ್ಕೆ ಹೋಯಿತೆಂದು ಬಿಡಿಸಿ ಹೇಳುವುದು ಸಾಧ್ಯವಾಗುವುದಿಲ್ಲ. 

1969ರ ನಿಷೇಧ ಹಣವನ್ನು ಕತ್ತಲೆಗೆ ತಳ್ಳಿತು, 2017ರ ಸಡಿಲಿಕೆ ಕತ್ತಲೆಯನ್ನೇ ಕಾನೂನುಬದ್ಧಗೊಳಿಸಿತು. ಎರಡರಿಂದಲೂ ಸಿಗುವ ಪಾಠ ಒಂದೇ: ಲೆಕ್ಕ ಜನರ ಕಣ್ಣಿಗೆ ಬೀಳದ ಯಾವ ಏರ್ಪಾಡೂ ಪ್ರಜಾಪ್ರಭುತ್ವವನ್ನು ಕಾಪಾಡದು. ಪ್ರತಿ ದೇಣಿಗೆಯೂ ಚುನಾವಣೆಗೆ ಮುನ್ನವೇ ಪ್ರಕಟವಾಗಬೇಕು, ಪಕ್ಷಗಳ ಖರ್ಚಿಗೂ ಮಿತಿ ಬೇಕು, ಸರ್ಕಾರದ ಬಾಗಿಲು ತಟ್ಟುವ ಲಾಬಿಗಾರರ ಹೆಸರು ದಾಖಲಾಗಬೇಕು. ಈ ಮೂರನ್ನೂ ಸಂಸತ್ತೇ ಕಾನೂನು ಮಾಡಿ ತರಬೇಕು. ಛಾಗ್ಲಾ 1957ರಲ್ಲಿ ಸಂಸತ್ತಿಗೆ ಒಪ್ಪಿಸಿದ ಕೆಲಸ ಇನ್ನೂ ಮುಗಿದಿಲ್ಲ.